ಚಿತ್ರಕಥಾ ಕೌಶಲ್ಯವರ್ಧನೆಯ ತಾತ್ವಿಕ ನೆಲೆಗಳು: ಇಂಟರ್ವಲ್‌ವರೆಗಿನ ಒಂದು ಅನುಸಂಧಾನ

ಚಿತ್ರಕಥೆಯೆಂದರೇನು ಎಂಬ ಪ್ರಶ್ನೆಯನ್ನು ಮೊದಲಿಗೇ ಎತ್ತಿ, ಕೊನೆಯವರೆಗೂ ಉತ್ತರಿಸದಿರುವುದು ಈ ಶಾಸ್ತ್ರದ ಮರ್ಯಾದೆ. ಪ್ರಸ್ತುತ ಪ್ರಬಂಧಕಾರನೂ ಅದನ್ನು ಮೀರುವುದಿಲ್ಲ. ಬೆಂಗಳೂರಿನಲ್ಲಿ ಶನಿವಾರ-ಭಾನುವಾರಗಳಂದು ಜರುಗುವ ಚಿತ್ರಕಥಾ ಕಮ್ಮಟಗಳಲ್ಲಿ ಊಟ-ಕಾಫಿ ಸೇರಿದ ಶುಲ್ಕ ತೆತ್ತು ಸಂಪಾದಿಸಿದ ಜ್ಞಾನವನ್ನು, ಮುಂದಿನ ಪೀಳಿಗೆಗೆ ಊಟ-ಕಾಫಿಯಿಲ್ಲದೆ ದಾಟಿಸುವುದೇ ಈ ಅಧ್ಯಯನದ ಉದ್ದೇಶ, ವ್ಯಾಪ್ತಿ ಮತ್ತು ಮಿತಿ.

ಪೂರ್ವಸೂರಿಗಳು: ಈ ಶಾಸ್ತ್ರಕ್ಕೆ ಅಮೆರಿಕದಲ್ಲಿ ಮೂವರು ಆಚಾರ್ಯರು. ಸಿಡ್ ಫೀಲ್ಡ್ 1979ರಲ್ಲಿ ಮೂರಂಕಗಳ ಮತವನ್ನು ಸ್ಥಾಪಿಸಿದರು: ಒಟ್ಟು 120 ಪುಟ, ಪುಟಕ್ಕೊಂದು ನಿಮಿಷ, 25ನೇ ಪುಟದ ಆಸುಪಾಸಿನಲ್ಲಿ ಕಥೆ ಮಗ್ಗುಲು ಬದಲಿಸತಕ್ಕದ್ದು. ರಾಬರ್ಟ್ ಮೆಕೀ 1997ರಲ್ಲಿ ಬೃಹದ್ಭಾಷ್ಯ ಬರೆದರು. ಬ್ಲೇಕ್ ಸ್ನೈಡರ್ 2005ರಲ್ಲಿ, ನಾಯಕನು ಆರಂಭದಲ್ಲೇ ಒಂದು ಬೆಕ್ಕನ್ನಾದರೂ ಕಾಪಾಡಿ ಪ್ರೇಕ್ಷಕನ ಒಲವು ಗಳಿಸಬೇಕೆಂದು ಸಾರಿ, ಕಥೆಗೆ 15 ಘಟ್ಟಗಳನ್ನು ಗೊತ್ತುಮಾಡಿ, 12ನೇ ಪುಟದಲ್ಲಿ ಕಿಡಿಯನ್ನೂ 75ನೇ ಪುಟದಲ್ಲಿ ಸರ್ವನಾಶವನ್ನೂ ನಿಗದಿಪಡಿಸಿದರು. ನಮ್ಮಲ್ಲಿ ಬೆಕ್ಕಿನ ಬದಲು ಅಜ್ಜಿಯನ್ನು ರಸ್ತೆ ದಾಟಿಸುವ ಸಂಪ್ರದಾಯ ಬಹುಕಾಲದಿಂದ ಇದೆ. ಅದರ ಮೇಲೆ ಯಾರೂ ಪುಸ್ತಕ ಬರೆದು ಮಾರಲಿಲ್ಲ, ಅಷ್ಟೇ.

ಕಮ್ಮಟದ ಆಚಾರ್ಯರು ಇಷ್ಟಕ್ಕೇ ತೃಪ್ತರಾಗುವವರಲ್ಲ. ಮಧ್ಯಾಹ್ನದ ಊಟವಾಗಿ ಕಣ್ಣು ಎಳೆಯುವ ಹೊತ್ತಿಗೆ ಭರತಮುನಿಯನ್ನು ಕರೆತರುತ್ತಾರೆ. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣವೆಂಬ ಪಂಚಸಂಧಿಗಳನ್ನು ಹಾಲಿವುಡ್ಡಿನ ಮೂರಂಕಗಳೊಳಗೆ ತುರುಕುವ ಈ ವಿಧಾನಕ್ಕೆ ‘ಬೇರುಗಳೊಂದಿಗಿನ ಮುಖಾಮುಖಿ’ ಎಂದು ಹೆಸರು. ಐದನ್ನು ಮೂರರಲ್ಲಿ ಹೇಗೆ ಸಾರ್ ತುಂಬೋದು ಎಂದು ಕೇಳಿದ ಶಿಬಿರಾರ್ಥಿಗೆ, ‘ಇನ್ನೂ 64 ಸಂಧ್ಯಂಗ ಹೇಳಿಲ್ಲಮ್ಮ, ಕೂತ್ಕೋ’ ಎಂಬ ಸಮಾಧಾನ ದೊರೆಯುತ್ತದೆ.

ಇಂಟರ್ವಲ್ ಅಧಿಕರಣ: ಮೇಲಿನ ಎರಡೂ ಮತಗಳನ್ನು ಖಂಡಿಸುವ ಏಕೈಕ ತತ್ತ್ವ ಇಂಟರ್ವಲ್. ಕನ್ನಡ ಸಿನಿಮಾಕ್ಕೆ ಅಂಕ ಮೂರಲ್ಲ, ಸಂಧಿ ಐದಲ್ಲ, ಹಾಫು ಎರಡು. ನಿರ್ಮಾಪಕರು ಕಥೆ ಕೇಳುವಾಗ ಮೊದಲು ಕೇಳುವುದು ‘ಇಂಟರ್ವಲ್ ಬ್ಲಾಕ್ ಏನು?’ ಎಂದು. ಸಾವಿರಾರು ಜನರನ್ನು ಒಟ್ಟಿಗೆ ಎಬ್ಬಿಸಿ ಕ್ಯಾಂಟೀನಿಗೆ ಕಳಿಸಿ ಮತ್ತೆ ಸೀಟಿಗೆ ಎಳೆದು ತರುವ ಈ ಬಲವನ್ನು ಅರಿಸ್ಟಾಟಲ್ ಊಹಿಸಿರಲಿಲ್ಲ. ಅದಕ್ಕೂ ಮುಂಚೆ ಹೀರೋ ಎಂಟ್ರಿ, ಎಂಟ್ರಿಗೆ ಬಿಲ್ಡಪ್, ಬಿಲ್ಡಪ್ಪಿಗೊಂದು ಹಾಡು. ಇವುಗಳಲ್ಲೇ ಸ್ನೈಡರ್ ಅವರ 12ನೇ ಪುಟ ಕಳೆದುಹೋಗಿ, ಕಿಡಿ ಹೊತ್ತುವ ವೇಳೆಗೆ ಪಾಪ್‌ಕಾರ್ನ್ ಮುಗಿದಿರುತ್ತದೆ.

ಲೇಖಕಭೇದ: ಲೇಖಕರು ಐದು ವಿಧ.

ಅಧಿಕಾರಿ ಲೇಖಕ: ಕಥೆ-ಚಿತ್ರಕಥೆ-ಸಂಭಾಷಣೆ-ನಿರ್ದೇಶನವೆಂದು ಒಂದೇ ಟೈಟಲ್ ಕಾರ್ಡಿನಲ್ಲಿ, ಒಂದೇ ಉಸಿರಿನಲ್ಲಿ ಹೊಳೆಯುವವನು. ಪ್ರಚ್ಛನ್ನ ಲೇಖಕ: ಗಾಂಧಿನಗರದ ಲಾಡ್ಜಿನಲ್ಲಿ ‘ಡಿಸ್ಕಷನ್’ಗೆ ಕೂತು ಅದನ್ನೆಲ್ಲ ಬರೆದವನು, ಇವನ ಹೆಸರು ಕೃತಜ್ಞತೆಗಳ ಪಟ್ಟಿಯಲ್ಲಿ ಜನರೇಟರ್ ಕೊಟ್ಟವರಿಗೂ ಊಟ ಕೊಟ್ಟವರಿಗೂ ನಡುವೆ ಕಾಣಸಿಗುತ್ತದೆ, ಸ್ಕ್ರಾಲ್ ನಿಧಾನವಿದ್ದರೆ. ಆಕಸ್ಮಿಕ ಲೇಖಕ: ನಾಯಕನ ಜಿಮ್ ತರಬೇತುದಾರ ಅಥವಾ ನಿರ್ಮಾಪಕರ ಭಾವಮೈದ, ಶಾಟ್ ರೆಡಿಯಾದ ಮೇಲೆ ‘ಇಲ್ಲೊಂದು ಪಂಚ್ ಬೇಕು ಬಾಸ್’ ಎನ್ನುವವನು. ಗುರುವಾರದ ಲೇಖಕ: ಇದು ವ್ಯಕ್ತಿಯಲ್ಲ, ಬಾರ್ಕ್ ಸಂಸ್ಥೆ ಧಾರಾವಾಹಿಗಳಿಗೆ ವಾರಕ್ಕೊಮ್ಮೆ ಕೊಡುವ ಟಿಆರ್‌ಪಿ. ಬುಧವಾರ ಐಸಿಯುನಲ್ಲಿ ಕಣ್ಣು ಮುಚ್ಚಿದ ಅತ್ತೆ ಗುರುವಾರ ಅಂಕಿ ಬಂದ ಮೇಲೆ ಕಣ್ಣು ಬಿಡುತ್ತಾಳೆ. ನಿಂತ ಮದುವೆ ನಡೆಯುತ್ತದೆ, ನಡೆದ ಮದುವೆ ನಿಲ್ಲುತ್ತದೆ, ಎರಡೂ ಆಗದಿದ್ದರೆ ಮಹಾಸಂಚಿಕೆ. ಐದನೆಯ ವಿಧ ಯಾವುದೆಂದು ಪ್ರಬಂಧಕಾರನಿಗೆ ಈಗ ಹೊಳೆಯುತ್ತಿಲ್ಲ. ಪಂಚ ಎಂದರೆ ಶಾಸ್ತ್ರೀಯವಾಗಿ ಕೇಳಿಸುತ್ತದೆಂದು ಐದು ಎಂದದ್ದು. ಬಿಡಿ.

ಧಾರಾವಾಹಿಯ ರಚನಾಕ್ರಮವನ್ನೂ ವರ್ಗೀಕರಿಸಬೇಕಿತ್ತು. ಆದರೆ ಅದು ಹೀಗಿದೆ: ಬೆಳಿಗ್ಗೆ ಕಲಾವಿದರು ಮೇಕಪ್ಪಿಗೆ ಕೂರುತ್ತಾರೆ, ಅವರ ಸೀನು ಇನ್ನೂ ಲೇಖಕನ ಮೊಬೈಲಿನಲ್ಲಿದೆ. ವಾಟ್ಸಾಪಿಗೆ ಬಂದದ್ದನ್ನು ಸಹಾಯಕ ನಿರ್ದೇಶಕ ಕ್ಯಾಮೆರಾ ಹಿಂದೆ ನಿಂತು ಓದುತ್ತಾನೆ, ಕಲಾವಿದರು ಕೇಳಿಸಿಕೊಂಡದ್ದನ್ನು ಹೇಳುತ್ತಾರೆ. ಪ್ರಾಂಪ್ಟಿಂಗಿಗೆ ಸಿಗದಷ್ಟು ಉದ್ದದ ವಾಕ್ಯ ಬರೆದವನಿಗೆ ಮುಂದಿನ ತಿಂಗಳು ಕೆಲಸ ಇರುವುದಿಲ್ಲ. ಕೋರ್ಟಿನ ದೃಶ್ಯಗಳಿಗೇ ಹೆಸರಾದ ಟಿ.ಎನ್. ಸೀತಾರಾಮ್ ಇದೇ ಮಾಧ್ಯಮದಲ್ಲಿ, ಇದೇ ಅರ್ಧ ಗಂಟೆಯಲ್ಲಿ, ವಾದ ಮಾಡಬಲ್ಲ ಮನುಷ್ಯರನ್ನು ಕೂರಿಸಿದ್ದರು ಎಂದರೆ ಈಗಿನ ಹುಡುಗರು ಪುರಾಣ ಕೇಳಿದಂತೆ ಮುಗುಳ್ನಗುತ್ತಾರೆ.

ಇಲ್ಲಿ ಪ್ರಬಂಧಕಾರನು ಪ್ರಬಂಧಕಾರನಾಗಿರುವುದನ್ನು ನಿಲ್ಲಿಸುತ್ತಾನೆ.

ನಾನೊಂದು ದೃಶ್ಯ ಬರೆದಿದ್ದೆ. ಅತ್ತೆಯ ವೈಕುಂಠ ಸಮಾರಾಧನೆ ಮುಗಿದ ಮರುದಿನ ಸೊಸೆ ಅಡುಗೆಮನೆಗೆ ಬರುತ್ತಾಳೆ. ಸಾಲಾಗಿ ಡಬ್ಬಿಗಳು, ಯಾವುದರ ಮೇಲೂ ಹೆಸರಿಲ್ಲ. ಯಾವುದರಲ್ಲಿ ಏನಿದೆ ಎಂಬುದು ಅತ್ತೆಗೆ ಮಾತ್ರ ಗೊತ್ತಿತ್ತು. ಒಂದೊಂದನ್ನೇ ತೆಗೆಯುತ್ತಾಳೆ, ಮೂಸುತ್ತಾಳೆ, ಮುಚ್ಚುತ್ತಾಳೆ. ಮಾತಿಲ್ಲ. ಚಾನೆಲ್ಲಿನವರು ‘ಎಮೋಷನ್ ರಿಜಿಸ್ಟರ್ ಆಗ್ತಿಲ್ಲ’ ಎಂದರು. ಪ್ರಸಾರವಾದದ್ದು: ಸೊಸೆ ಹಾರ ಹಾಕಿದ ಫೋಟೋ ಮುಂದೆ ನಿಂತು ‘ಅತ್ತೇ, ನೀವು ನನಗೆ ತಾಯಿಯಾಗಿದ್ರಿ’ ಎನ್ನುತ್ತಾಳೆ. ಮೂರು ಝೂಮು, ಒಂದು ಸಿಡಿಲು. ಆಮೇಲಿನ ಕಂತುಗಳ ಹಣವೂ ಬರಲಿಲ್ಲ. ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಿದ್ದುಪಡಿಯಾಗಿದೆ. ಸಿನಿಮಾಕ್ಕೆ ಬರೆದವನು, ಚಿತ್ರಮಂದಿರದಾಚೆಗಿನ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ತನ್ನ ಸಮಪಾಲನ್ನು ನಿರ್ಮಾಪಕನಿಗೆ ಬಿಟ್ಟುಕೊಡುತ್ತೇನೆಂದರೂ ಕಾನೂನು ಒಪ್ಪುವುದಿಲ್ಲ. ನಿರ್ಮಾಪಕರು ನಮ್ಮ ಮುಂದಿಡುವ ಕರಾರುಪತ್ರಗಳಲ್ಲಿ ಮಾತ್ರ ಹಕ್ಕೆಲ್ಲವೂ ಇಡೀ ಬ್ರಹ್ಮಾಂಡದಲ್ಲಿ ಶಾಶ್ವತವಾಗಿ ಅವರದೇ. ಮಂಗಳಗ್ರಹದ ಮರುಪ್ರಸಾರಕ್ಕೂ ಗಂಟು ಹಾಕಿಟ್ಟವರಿಗೆ, ಲೇಖಕನ ಬಾಡಿಗೆ ಮನೆಯ ಅಡ್ರೆಸ್ಸಿಗೆ ಚೆಕ್ ಕಳಿಸಲು ಆಗುವುದಿಲ್ಲ.

ಕೌಶಲ್ಯ ಎಲ್ಲಿ ಬೆಳೆಯುತ್ತದೆಂಬುದು ತಿಳಿಯದ ವಿಷಯವೇನಲ್ಲ. 1934ರ ‘ಸತಿ ಸುಲೋಚನ’ ಚಿತ್ರಕ್ಕೆ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಕಂಪನಿ ನಾಟಕದಿಂದ ಬಂದವರು. ಯಾವ ಮಾತಿಗೆ ಹಿಂದಿನ ಬೆಂಚು ಸುಮ್ಮನಾಗುತ್ತದೆಂದು ಆ ರಂಗದವರಿಗೆ ರಾತ್ರಿ ರಾತ್ರಿ ಗೊತ್ತಾಗುತ್ತಿತ್ತು. ‘ತಿಥಿ’ಯನ್ನು ನೋಡಿ. ಈರೇಗೌಡರು ರಾಮ್ ರೆಡ್ಡಿಯವರ ಜೊತೆ ಬರೆದ ಚಿತ್ರಕಥೆ, ಮಂಡ್ಯ ಸೀಮೆಯ ಹಳ್ಳಿ, ನಟನೆ ಕಸುಬಲ್ಲದ ಊರ ಜನ. ನಾಯಕನಿಗೆ ತೀವ್ರವಾದ ಬಯಕೆಯಿರಬೇಕೆಂಬುದು ಕಮ್ಮಟದ ಮೊದಲ ಪಾಠ. ಈ ಚಿತ್ರದ ಮುದುಕ ಗಡ್ಡಪ್ಪನಿಗೆ ನಡೆಯುತ್ತ ಇರುವುದು ಬಿಟ್ಟು ಬೇರೇನೂ ಬೇಕಿಲ್ಲ. ಗಡುವು ಇರಬೇಕೆಂಬುದು ಇನ್ನೊಂದು ಪಾಠ. ಇಲ್ಲಿ ಬಾಂಬಿಲ್ಲ, ಟೈಮರಿಲ್ಲ, ಅಜ್ಜ ಸತ್ತ ಹನ್ನೊಂದನೇ ದಿನಕ್ಕೆ ತಿಥಿಯ ಊಟ ಆಗಲೇಬೇಕು, ಅಷ್ಟೇ. ಅಷ್ಟರೊಳಗೆ ಮೊಮ್ಮಗನ ಜಮೀನಿನ ಆಸೆ, ಮರಿಮಗನ ಪ್ರೇಮ ಎಲ್ಲ ಹಿಡಿಸಿಬಿಡುತ್ತವೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದವರು ಅದಕ್ಕೆ ಚಿನ್ನದ ಚಿರತೆ ಕೊಟ್ಟರು. ನಮ್ಮ ಕಮ್ಮಟಗಳು ಆಮೇಲೆ ಅದನ್ನೂ 15 ಘಟ್ಟಗಳಾಗಿ ಕೊಯ್ದು ಪರದೆಯ ಮೇಲೆ ತೋರಿಸಿದವು.

ಊರಿನಲ್ಲಿ ಕೂತು ಜನ ಹೇಗೆ ಜಗಳವಾಡುತ್ತಾರೆಂದು ಕೇಳಿಸಿಕೊಳ್ಳಲು ಲೇಖಕನಿಗೆ ಕಾಲ ಬೇಕು, ಆ ಕಾಲದಲ್ಲಿ ಅಕ್ಕಿ ಬೇಕು. ಅದಕ್ಕೆ ಬಜೆಟ್ಟಿನಲ್ಲಿ ತಲೆಬರಹವೇ ಇಲ್ಲ, ಡ್ರೋನಿಗಿದೆ.

ಡಬ್ಬಿಗಳ ದೃಶ್ಯದ ಮೂಲಪ್ರತಿ ನನ್ನ ಹತ್ತಿರವೇ ಇದೆ. ಯಾರಾದರೂ ಸಿನಿಮಾ ಮಾಡುವವರಿದ್ದರೆ ಕೊಡುತ್ತೇನೆ. ಸೊಸೆ ಮಾತಾಡಕೂಡದು, ಸಿಡಿಲು ಹೊಡೆಯಕೂಡದು, ಅಡ್ವಾನ್ಸ್ ಮೊದಲು.