ಗ್ಯಾಸ್ ಆಫ್ ಮಾಡಿದನಾ?

ಮೇ ತಿಂಗಳ ಒಂದು ಭಾನುವಾರ ಸಂಜೆ. ಮೈಸೂರಿನ ನಮ್ಮ ಮನೆಯ ಹಾಲಿನಲ್ಲಿ ಒಂದು ಟೀವಿ, ಎರಡು ತಟ್ಟೆ ಕೋಡುಬಳೆ, ಏಳು ಜನ. ಏಣಿ ವಾಪಸು ಕೊಡಲು ಬಂದು ಕೋಡುಬಳೆಯ ಪರಿಮಳಕ್ಕೆ ಕೂತೇಬಿಟ್ಟ ಎದುರುಮನೆ ರಾಯರನ್ನೂ ಸೇರಿಸಿದರೆ ಎಂಟು. ರಿಮೋಟು ಮೊಮ್ಮಗಳ ಕೈಯಲ್ಲಿತ್ತಾದ್ದರಿಂದ ಯಾವ ಸಿನಿಮಾ ಎಂಬ ಚರ್ಚೆಗೆ ಎಡೆಯೇ ಇರಲಿಲ್ಲ.

"ಅಪ್" ಎಂದಳು.

"ಯಾವ ಅಪ್ಪ?" ಎಂದರು ನಂಜನಗೂಡಿನಿಂದ ಬಂದಿದ್ದ ನನ್ನ ಸೋದರತ್ತೆ. ಅವರಿಗೆ 84. ಕಿವಿ ಸ್ವಲ್ಪ ಮಂದ, ನಾಲಿಗೆ ಮಂದವಲ್ಲ.

"ಅಪ್ಪ ಅಲ್ಲ ಮುತ್ತಜ್ಜಿ, ಅಪ್. ಮೇಲಕ್ಕೆ ಅಂತ."

"ಮೇಲಕ್ಕೆ ಹೋಗೋ ಸಿನಿಮಾನಾ? ನನಗೆ ಸರಿಹೋಯ್ತು, ಹಾಕು."

ಭಾವಮೈದ ಮೂಗು ಮುರಿದ. ರಂಗಾಯಣದಲ್ಲಿ ಒಂದು ನಾಟಕ ನೋಡಿ ಬಂದರೆ ಮೂರು ದಿನ ಅದರ ಬೆಳಕಿನ ವಿನ್ಯಾಸದ ಬಗ್ಗೆ ಮಾತಾಡುವ ಮನುಷ್ಯ ಅವನು. "ಬೊಂಬೆ ಸಿನಿಮಾ ನೋಡೋ ವಯಸ್ಸಾ ನಮ್ಮದು?" ಎಂದ. ಎಂಜಿನಿಯರ್ ಅಳಿಯ ಫೋನು ತೆಗೆದು, ಇದು 2009ರ ಚಿತ್ರ, ಪಿಕ್ಸಾರ್‌ನದು, ನಿರ್ದೇಶಕ ಪೀಟ್ ಡಾಕ್ಟರ್, ಆ ವರ್ಷದ ಕಾನ್ ಚಿತ್ರೋತ್ಸವ ಆರಂಭವಾದದ್ದೇ ಈ ಸಿನಿಮಾದಿಂದ, ಆನಿಮೇಷನ್ ಚಿತ್ರವೊಂದಕ್ಕೆ ಆ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು ಎಂದು ಓದಿ ಹೇಳಿದ. ಅತ್ಯುತ್ತಮ ಚಿತ್ರದ ಆಸ್ಕರ್‌ಗೂ ನಾಮನಿರ್ದೇಶನವಾಗಿತ್ತಂತೆ. ಕಾನ್ ಎಂಬ ಹೆಸರು ಬಿದ್ದದ್ದೇ ತಡ, ಭಾವಮೈದ ಕನ್ನಡಕ ಒರೆಸಿಕೊಂಡು ನೆಟ್ಟಗೆ ಕೂತ.

ನೋಡದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕಾರ್ಲ್ ಎಂಬ 78 ವರ್ಷದ ಮುದುಕ. ಹಿಂದೆ ಮೃಗಾಲಯವೊಂದರಲ್ಲಿ ಬಲೂನು ಮಾರುತ್ತಿದ್ದವನು. ಹೆಂಡತಿ ಎಲ್ಲೀ ತೀರಿಕೊಂಡಿದ್ದಾಳೆ. ದಕ್ಷಿಣ ಅಮೆರಿಕದ ಒಂದು ಜಲಪಾತದ ನೆತ್ತಿಯ ಮೇಲೆ ಮನೆ ಮಾಡಬೇಕೆಂಬುದು ಚಿಕ್ಕಂದಿನಿಂದ ಅವಳ ಆಸೆ. ಇವನನ್ನು ವೃದ್ಧಾಶ್ರಮಕ್ಕೆ ಕರೆದೊಯ್ಯಲು ವ್ಯಾನು ಬಂದ ಬೆಳಿಗ್ಗೆ, ಸಾವಿರಾರು ಬಲೂನು ಕಟ್ಟಿ ಮನೆಗೆ ಮನೆಯನ್ನೇ ಹಾರಿಸಿಕೊಂಡು ಹೊರಟುಬಿಡುತ್ತಾನೆ. ಜಗಲಿಯ ಮೇಲೆ ಎಂಟು ವರ್ಷದ ರಸೆಲ್ ಎಂಬ ಗುಂಡು ಹುಡುಗನೊಬ್ಬ ಆಕಸ್ಮಿಕವಾಗಿ ಸಿಕ್ಕಿಕೊಂಡಿರುತ್ತಾನೆ. ಆಮೇಲೆ ಒಂದು ಹಕ್ಕಿ, ಒಂದು ನಾಯಿ, ಒಬ್ಬ ದುಷ್ಟ.

ಅತ್ತೆಗೆ ಇಂಗ್ಲಿಷು ಬಾರದು. ಮೊಮ್ಮಗಳು ಪಕ್ಕದಲ್ಲಿ ಕೂತು ದುಭಾಷಿಯ ಕೆಲಸ ಶುರುಮಾಡಿದ್ದಳು. ಆದರೆ ಚಿತ್ರ ಶುರುವಾದ ಸ್ವಲ್ಪ ಹೊತ್ತಿಗೇ ಆ ಇಬ್ಬರ ಇಡೀ ದಾಂಪತ್ಯ ನಾಲ್ಕೈದು ನಿಮಿಷದಲ್ಲಿ, ಒಂದೂ ಮಾತಿಲ್ಲದೆ, ಬರೀ ಸಂಗೀತದಲ್ಲಿ ಸಾಗಿಹೋಗುತ್ತದೆ. ಅಲ್ಲಿ ದುಭಾಷಿಗೆ ಕೆಲಸವಿರಲಿಲ್ಲ. ಗಂಡ ಹೆಂಡತಿ ಸೇರಿ ಮಗುವಿಗೆಂದು ಕೋಣೆಗೆ ಬಣ್ಣ ಬಳಿಯುತ್ತಾರೆ. ಮುಂದಿನ ದೃಶ್ಯದಲ್ಲಿ ಆಸ್ಪತ್ರೆ. ಡಾಕ್ಟರು ಏನೋ ಹೇಳುತ್ತಿದ್ದಾರೆ, ನಮಗೆ ಕೇಳಿಸುವುದಿಲ್ಲ. ಆಮೇಲೆ ಅವಳು ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ಗಾಳಿಗೆ ಮುಖವೊಡ್ಡಿ ಕೂತಿರುತ್ತಾಳೆ. ಅತ್ತೆ ಕೈಯಲ್ಲಿದ್ದ ಅರ್ಧ ಕೋಡುಬಳೆಯನ್ನು ತಟ್ಟೆಗೆ ವಾಪಸು ಇಟ್ಟರು. ಅವರಿಗೆ ಮಕ್ಕಳಿಲ್ಲ, ನಮ್ಮನ್ನೆಲ್ಲ ಎತ್ತಿ ಆಡಿಸಿದವರು ಅವರೇ.

ಮಗಳ ಅಭಿಪ್ರಾಯವೇನೆಂದು ಕೊನೆಗೂ ತಿಳಿಯಲಿಲ್ಲ. ಅವಳು ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಅತ್ತಳು, ಅಷ್ಟೇ.

ಮನೆ ಬುನಾದಿಯಿಂದ ಕಿತ್ತುಕೊಂಡು, ಪೈಪು ತಂತಿಗಳನ್ನೆಲ್ಲ ಹರಿದುಕೊಂಡು ಮೇಲೆದ್ದಾಗ ನಾವೆಲ್ಲ ಬಾಯಿ ತೆರೆದು ನೋಡುತ್ತಿದ್ದೆವು. ಬಣ್ಣಬಣ್ಣದ ಬಲೂನುಗಳ ಬೆಳಕು ಯಾವುದೋ ಕಿಟಕಿಯೊಳಗೆ ಬಿದ್ದು, ಆಡುತ್ತಿದ್ದ ಮಗುವಿನ ಕೋಣೆಯೆಲ್ಲ ರಂಗಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಅತ್ತೆ ಕೇಳಿದರು:

"ಗ್ಯಾಸ್ ಆಫ್ ಮಾಡಿದನಾ?"

"ಅಲ್ಲೆಲ್ಲ ಸಿಲಿಂಡರ್ ಇರಲ್ಲ ಅಜ್ಜಿ, ಪೈಪ್‌ಲೈನು" ಎಂದ ಅಳಿಯ.

"ಪೈಪು ಕಿತ್ತುಕೊಂಡು ಬಂದಿದ್ರೆ ಇನ್ನೂ ಕೆಟ್ಟದ್ದಲ್ವೇನಪ್ಪ?"

ಅಳಿಯನ ಬಳಿ ಉತ್ತರವಿರಲಿಲ್ಲ. ನನ್ನ ಬಳಿ ಇತ್ತು. ಲೋಕದಲ್ಲಿ ಮನೆ ಬಿಟ್ಟು ಹೊರಟವರಲ್ಲಿ ಈ ಚಿಂತೆಯಿಲ್ಲದವನು ಈ ಕಾರ್ಲ್ ಒಬ್ಬನೇ ಇರಬೇಕು. ನಾವು ಮಂಡ್ಯ ದಾಟುವಷ್ಟರಲ್ಲಿ ಗ್ಯಾಸು, ಮದ್ದೂರಿಗೆ ಬೀಗ, ರಾಮನಗರಕ್ಕೆ ಗೀಸರ್ ನೆನಪಿಸಿಕೊಳ್ಳುವ ಜನ. ಅವನು ಮನೆಯನ್ನೇ ಹೊತ್ತುಕೊಂಡು ಹೊರಟಿದ್ದಾನೆ. ಅನುಮಾನ ಬಂದರೆ ಎದ್ದು ಅಡುಗೆಮನೆಗೆ ಹೋಗಿ ನೋಡಿದರಾಯಿತು. ಇದನ್ನು ನಾನು ಜೋರಾಗಿಯೇ ಹೇಳಿದೆ. ಯಾರೂ ನಗಲಿಲ್ಲ.

ಅಳಿಯನ ತಕರಾರು ಬಲೂನಿನದು. ಒಂದು ಲೀಟರು ಹೀಲಿಯಂ ಎತ್ತುವುದು ಸುಮಾರು ಒಂದು ಗ್ರಾಂ. ನಮ್ಮ ಮೃಗಾಲಯದ ಗೇಟಿನ ಮುಂದೆ ಮಾರುವಂಥ ಬಲೂನು, ರಬ್ಬರಿನ ತೂಕ ಕಳೆದರೆ, ಹತ್ತು ಗ್ರಾಂ ಎತ್ತಿದರೆ ಹೆಚ್ಚು. ಚಿತ್ರದಲ್ಲಿ ಮನೆ ಮೇಲೇಳುವಾಗ ಇರುವುದು 20,622 ಬಲೂನು. ಹಾರಾಟದ ಬಹುಪಾಲು ದೃಶ್ಯಗಳಲ್ಲಿ 10,297. ಅಂದರೆ ಶುರುವಿನಲ್ಲಿ 200 ಕೆಜಿ, ಆಮೇಲೆ 100 ಕೆಜಿ. "ಮನೆ ಹಾಗಿರಲಿ ಮಾವ, ಈ ಸೋಫಾ ಮೇಲೆ ಕೂತಿರೋರು ಮೂರು ಜನ ಎದ್ದರೆ ದೊಡ್ಡದು" ಎಂದ. ಮೂರನೆಯ ಕೋಡುಬಳೆಗೆ ಕೈ ಹಾಕಿದ್ದ ಭಾವಮೈದ ಕೈ ಹಿಂದಕ್ಕೆಳೆದುಕೊಂಡ. ನಿಜವಾಗಿ ಅಂಥ ಮನೆ ಏಳಬೇಕಾದರೆ ಎರಡು ಮೂರು ಕೋಟಿ ಬಲೂನು ಬೇಕೆಂದು ಪಿಕ್ಸಾರ್‌ನವರೇ ಲೆಕ್ಕ ಹಾಕಿದ್ದರಂತೆ. ಲೆಕ್ಕ ಗೊತ್ತಿದ್ದೂ ಹೀಗೆ ಮಾಡಿದ್ದಾರೆಂಬುದೇ ಅಳಿಯನಿಗೆ ಹೆಚ್ಚು ನೋವಿನ ಸಂಗತಿ.

ಅತ್ತೆ ಅವನನ್ನೇ ಸ್ವಲ್ಪ ಹೊತ್ತು ನೋಡಿ, "ಹನುಮಂತ ಸಂಜೀವಿನಿ ಬೆಟ್ಟ ತಂದನಲ್ಲ, ಅವನಿಗೆ ಎಷ್ಟು ಬಲೂನು ಹಿಡೀತು?" ಎಂದರು.

ಅಳಿಯನ ಮರ್ಯಾದೆ ಉಳಿಸಲು ನಾನೊಂದು ವಿಷಯ ಸೇರಿಸಬೇಕು. 2011ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನವರು ಕ್ಯಾಲಿಫೋರ್ನಿಯಾದಲ್ಲಿ 16 ಅಡಿಗೆ 16 ಅಡಿಯ ಹಗುರವಾದೊಂದು ಮನೆ ಕಟ್ಟಿ, ಹವಾಮಾನ ಇಲಾಖೆಯವರು ಬಿಡುವಂಥ ದೊಡ್ಡ ಬಲೂನುಗಳನ್ನು ಮುನ್ನೂರರಷ್ಟು ಕಟ್ಟಿ, ನಿಜವಾಗಿಯೂ ಹತ್ತು ಸಾವಿರ ಅಡಿಗೂ ಮೇಲಕ್ಕೆ ಹಾರಿಸಿದರು. ಒಳಗೆ ಗ್ಯಾಸ್ ಕನೆಕ್ಷನ್ ಇರಲಿಕ್ಕಿಲ್ಲ.

ಎದುರುಮನೆ ರಾಯರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅಷ್ಟೂ ಹೊತ್ತು ಅವರ ಕಣ್ಣು ನೆಟ್ಟದ್ದು ಒಂದೇ ಕಡೆ: ಕಾರ್ಲ್‌ನ ಪುಟ್ಟ ಮನೆಯ ಸುತ್ತ ಏಳುತ್ತಿದ್ದ ಭಾರಿ ಕಟ್ಟಡಗಳ ಮೇಲೆ. ಬಿಲ್ಡರ್ ಎಷ್ಟು ಕೇಳಿದರೂ ಮುದುಕ ಮನೆ ಮಾರುವುದಿಲ್ಲ. "ಇದು ಹಠ, ವಿವೇಕ ಅಲ್ಲ" ಎಂದು ತೀರ್ಪು ಕೊಟ್ಟರು. "ಜಾಯಿಂಟ್ ವೆಂಚರ್‌ಗೆ ಕೊಟ್ಟಿದ್ರೆ ಕಣ್ಣುಮುಚ್ಚಿಕೊಂಡು ಎರಡು ಫ್ಲಾಟ್ ಬರ್ತಿತ್ತು. ಒಂದರಲ್ಲಿ ಇರೋದು, ಇನ್ನೊಂದರ ಬಾಡಿಗೇಲಿ ಜಲಪಾತ ನೋಡ್ಕೊಂಡು ಬರೋದು." ಮನೆ ಹಾರಿದ ಮೇಲೆ ಅವರ ಕಳವಳ ಇಮ್ಮಡಿಯಾಯಿತು. "ಮನೆ ಹೋಯ್ತು ಸರಿ. ಸೈಟು ಅಲ್ಲೇ ಉಳೀತಲ್ಲ! ಬೇಲಿ ಹಾಕಿಲ್ಲ, ಬೋರ್ಡ್ ಹಾಕಿಲ್ಲ. ಸಂಜೆಯೊಳಗೆ ಯಾರಾದ್ರೂ ಶೆಡ್ ಹಾಕ್ಕೋತಾರೆ." ಮನೆ ಒಂದು ಖಂಡದಲ್ಲಿ, ಖಾತೆ ಇನ್ನೊಂದು ಖಂಡದಲ್ಲಿ ಇರುವಾಗ ಕಂದಾಯ ಕಟ್ಟುವುದು ಎಲ್ಲಿ ಎಂಬ ಪ್ರಶ್ನೆ ಅವರನ್ನು ಚಿತ್ರದ ಕೊನೆಯವರೆಗೂ ಬಿಡಲಿಲ್ಲ.

ಭಾವಮೈದನದು ಲೋಕಾಭಿಪ್ರಾಯವೇ. "ಮೊದಲ ಹತ್ತು ನಿಮಿಷ ಕ್ಲಾಸಿಕ್. ಆಮೇಲೆ ಎಳೆದಿದ್ದಾರೆ." ಈ ಚಿತ್ರದ ಬಗ್ಗೆ ಲೋಕದಲ್ಲಿ ಎಷ್ಟೋ ಜನ ಹೀಗೇ ಹೇಳುತ್ತಾರೆ, ನಾಯಿಗಳು ಪುಟ್ಟ ವಿಮಾನ ನಡೆಸಿಕೊಂಡು ಬರುವಲ್ಲಿ ನನಗೂ ಸ್ವಲ್ಪ ಹಾಗನ್ನಿಸಿತು. ಆದರೆ ಅವನು ಅಷ್ಟಕ್ಕೇ ನಿಲ್ಲಲಿಲ್ಲ. ದುಷ್ಟ ಮಂಟ್ಝ್‌ನ ವಯಸ್ಸು ಹಿಡಿದ. ಕಾರ್ಲ್ ಹುಡುಗನಾಗಿದ್ದಾಗಲೇ ಅವನು ಪ್ರಖ್ಯಾತ ಸಾಹಸಿ. ಈಗ ಕಾರ್ಲ್‌ಗೆ 78. ಹಾಗಿದ್ದರೆ ಅವನಿಗೆ ತೊಂಬತ್ತರ ಮೇಲಾಯಿತಲ್ಲ? ಆ ವಯಸ್ಸಿನಲ್ಲಿ ಕತ್ತಿ ಹಿಡಿದು ಆಕಾಶನೌಕೆಯಲ್ಲಿ ಕಾದಾಡುವುದುಂಟೇ?

"ಕುರುಕ್ಷೇತ್ರದಲ್ಲಿ ಭೀಷ್ಮನಿಗೆಷ್ಟೋ?" ಎಂದರು ಅತ್ತೆ.

ಭಾವಮೈದ ನಾಲ್ಕನೆಯ ಕೋಡುಬಳೆ ತೆಗೆದುಕೊಂಡ.

ಮೊಮ್ಮಗಳ ಪಾಲಿಗೆ ಸಿನಿಮಾ ಎಂದರೆ ಡಗ್. ಅದೊಂದು ನಾಯಿ. ಕೊರಳಿನಲ್ಲಿ ಒಂದು ಪಟ್ಟಿ. ಅದು ಅಂದುಕೊಂಡದ್ದನ್ನೆಲ್ಲ ಆ ಪಟ್ಟಿ ಮಾತಿನಲ್ಲಿ ಹೇಳಿಬಿಡುತ್ತದೆ. ಗಂಭೀರವಾಗಿ ಏನೋ ಹೇಳುತ್ತಿದ್ದ ನಾಯಿ ಇದ್ದಕ್ಕಿದ್ದಂತೆ "ಅಳಿಲು!" ಎಂದು ಆಚೆ ತಿರುಗಿ, ಕ್ಷಣ ಬಿಟ್ಟು ಮಾತು ಮುಂದುವರಿಸುತ್ತದೆ. ಅವಳು ಸೋಫಾದಿಂದ ಕೆಳಗೆ ಬಿದ್ದು ನಕ್ಕಳು. ನಾನು ನಗಲಿಲ್ಲ. ಆ ದಿನ ಬೆಳಿಗ್ಗೆಯೇ ನಾನು ಕನ್ನಡಕ ತರಲೆಂದು ಕೋಣೆಗೆ ಹೋಗಿ, ಕಿಟಕಿಯಾಚೆ ಬಾಡಿದ ತುಳಸಿ ಕಂಡು, ನೀರು ಹಾಕಲು ಹೋಗಿ, ಅಲ್ಲಿ ಗೇಟಿನ ಚಿಲಕ ಸಡಿಲವಾಗಿದ್ದು ಕಂಡು, ಸ್ಕ್ರೂಡ್ರೈವರ್ ಹುಡುಕಿ, ಅದು ಸಿಗದೆ ಹಳೆಯ ಸುಧಾ ಸಂಚಿಕೆ ಸಿಕ್ಕಿ, ಕನ್ನಡಕವಿಲ್ಲದೆ ಅದನ್ನು ಓದಲಾಗದೆ ಕೂತಿದ್ದೆ. ಈಗ ನಮ್ಮ ಮನೆಯಲ್ಲಿ ಇದಕ್ಕೆಲ್ಲ ಒಂದೇ ಹೆಸರು. ಮಾತಿನ ನಡುವೆ ನಾನು ಎತ್ತಲೋ ನೋಡಿದರೆ ಸಾಕು, ಮೊಮ್ಮಗಳು "ತಾತ, ಅಳಿಲು!" ಅನ್ನುತ್ತಾಳೆ.

ಇನ್ನು ನನ್ನ ಹೆಂಡತಿ. ಎಲ್ಲರೂ ಒಂದೊಂದು ಅಭಿಪ್ರಾಯ ಕೊಡುತ್ತಿದ್ದರೂ ಅವಳು ಬಾಯಿ ಬಿಡಲಿಲ್ಲ. ಒಂದೇ ಒಂದು ಸಲ ಮಾತಾಡಿದಳು. ಮನೆ ನೆಲಕ್ಕಿಳಿದು ಮತ್ತೆ ಏಳದಾದಾಗ, ಕಾರ್ಲ್ ಮೇಜು ಕುರ್ಚಿ ಪಟಗಳನ್ನೆಲ್ಲ ಹೊರಗೆಸೆಯುತ್ತಾನೆ. ಭಾರ ಇಳಿದದ್ದೇ ಮನೆ ಅಲುಗಾಡಿ ಮೇಲೇಳುತ್ತದೆ. "ನೋಡಿದ್ರಾ?" ಎಂದಳು ನನ್ನತ್ತ ತಿರುಗದೆ. ನಮ್ಮ ಅಟ್ಟದ ಮೇಲೆ ಕೆಟ್ಟ ಮಿಕ್ಸಿ ಎರಡು, ಕಾಲು ಮುರಿದ ಈಸಿ ಚೇರು ಒಂದು, ಮುಂದೆಂದಾದರೂ ಬೇಕಾದೀತೆಂದು ನಾನು ಎತ್ತಿಟ್ಟ ಟೀವಿ, ಫ್ರಿಜ್ಜು, ಫ್ಯಾನುಗಳ ಖಾಲಿ ರಟ್ಟಿನ ಡಬ್ಬಗಳು ಹದಿನಾಲ್ಕು ಇವೆ. ಉತ್ತರ ಕೊಡಲು ಅದು ಸಮಯವಲ್ಲವೆಂದು ಸುಮ್ಮನಿದ್ದೆ.

ಆದರೆ ಅವಳು ನಿಜವಾಗಿ ನೋಡಿದ್ದು ಬೇರೆ. ಆ ಮಾತಿಲ್ಲದ ನಿಮಿಷಗಳಲ್ಲಿ ಕಾರ್ಲ್, ಎಲ್ಲೀ ಇಬ್ಬರೂ ಜಲಪಾತಕ್ಕೆಂದು ಒಂದು ಗಾಜಿನ ಜಾಡಿಯಲ್ಲಿ ಚಿಲ್ಲರೆ ಕೂಡಿಡುತ್ತಾರೆ. ಕಾರಿನ ಟೈರು ಒಡೆಯುತ್ತದೆ, ಜಾಡಿ ಒಡೆಯುತ್ತದೆ. ಅವನ ಕಾಲಿಗೆ ಪೆಟ್ಟಾಗುತ್ತದೆ, ಜಾಡಿ. ಮರ ಬಿದ್ದು ಸೂರು ಹಾಳಾಗುತ್ತದೆ, ಜಾಡಿ. ಕೊನೆಗೆ ಅವನು ಟಿಕೆಟು ತರುವಷ್ಟರಲ್ಲಿ ಅವಳಿಗೆ ಗುಡ್ಡ ಹತ್ತಲಾಗುವುದಿಲ್ಲ.

ನಮ್ಮದು ಹಾರ್ಲಿಕ್ಸ್ ಬಾಟಲಿ. ಮದುವೆಯಾದ ವರ್ಷ, ಮಳೆಗಾಲದಲ್ಲಿ ಜೋಗ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಆ ಸಲ ಅಪ್ಪನ ಕಣ್ಣಿನ ಆಪರೇಷನ್. ಮರುವರ್ಷ ಸ್ಕೂಟರಿಗೆ ಬೋರ್ ಮಾಡಿಸಬೇಕಾಯಿತು. ಆಮೇಲೆ ಮಗಳು, ಸ್ಕೂಲು, ಮನೆ ಸಾಲ, ಬಾವಿ ಬತ್ತಿ ಬೋರ್‌ವೆಲ್. ಪ್ರತಿ ಸಲವೂ ನಾನು ಹೇಳುತ್ತಿದ್ದುದು ಒಂದೇ: "ಜೋಗ ಎಲ್ಲಿಗೆ ಹೋಗುತ್ತೆ, ಅಲ್ಲೇ ಇರುತ್ತೆ." ಚಿತ್ರದ ಜಲಪಾತಕ್ಕೆ ಮಾದರಿಯಾದದ್ದು ವೆನೆಜುವೆಲಾದ ಏಂಜೆಲ್ ಜಲಪಾತ, ಎತ್ತರ 979 ಮೀಟರು. ಜೋಗದ್ದು 253. ನಾಲ್ಕು ಜೋಗವನ್ನು ಒಂದರ ಮೇಲೊಂದು ಪೇರಿಸಿದರೆ ಅದಕ್ಕೆ ಸರಿಸುಮಾರು ಸಾಟಿ. ಅಷ್ಟು ದೂರಕ್ಕೆ ಆ ಮುದುಕ ಮನೆ ಸಮೇತ ಹೋದ. ಮೈಸೂರಿನಿಂದ ಜೋಗದ ಹತ್ತಿರದ ತಾಳಗುಪ್ಪಕ್ಕೆ ರಾತ್ರಿ ರೈಲಿದೆ.

ಸಿನಿಮಾ ಮುಗಿಯಿತು, ಎಲ್ಲರೂ ಅವರವರ ಊರಿಗೆ ಹೋದರು. ಜುಲೈ ಬಂತು. ಮೈಸೂರಿನವರು ಬೆಳಿಗ್ಗೆ ಪೇಪರು ಬಿಡಿಸಿದರೆ ಮೊದಲು ನೋಡುವುದು ಕೆಆರ್‌ಎಸ್ ಎಷ್ಟು ಅಡಿಯಾಯಿತೆಂದು. ನಮ್ಮ ಮನೆಯಲ್ಲಿ ಒಂದು ದಿನ ಕಾಫಿ ತಂದಿಡುತ್ತ ಹೆಂಡತಿ ಹೇಳಿದಳು: "ಲಿಂಗನಮಕ್ಕಿಗೆ ಒಳಹರಿವು ಜಾಸ್ತಿಯಾಗಿದೆಯಂತೆ."

ಎರಡು ತಿಂಗಳು ತಡವಾಗಿ ಬಂದ ಚಿತ್ರವಿಮರ್ಶೆ ಅದೆಂದು ಅರ್ಥವಾಗಲು ನನಗೆ ಅರ್ಧ ಲೋಟ ಕಾಫಿ ಬೇಕಾಯಿತು. ಆಗಸ್ಟ್ ಎರಡನೆಯ ವಾರಕ್ಕೆ ಟಿಕೆಟು ಮಾಡಿಸಿದೆ. ಹೊರಡುವ ರಾತ್ರಿ ಅವಳು ಬ್ಯಾಗಿಗೆ ಅವಲಕ್ಕಿ, ಕೊಡೆ, ಮಾತ್ರೆ ತುಂಬಿದಳು. ಅಡುಗೆಮನೆ ನೋಡಿಕೊಳ್ಳುವ ಜವಾಬ್ದಾರಿ ನನ್ನದು.

ಶಿವಮೊಗ್ಗ ದಾಟಿ, ಆನಂದಪುರವೂ ಹಿಂದಾಗಿ, ಕಿಟಕಿಯಾಚೆ ಹಸಿರೋ ಹಸಿರು. ಸಾಗರ ಸ್ಟೇಷನ್ನಿನಲ್ಲಿ ಚಹಾ ಕೊಂಡು ಅವಳ ಕೈಗಿತ್ತೆ. ಒಂದು ಗುಟುಕು ಕುಡಿದು ಕೇಳಿದಳು:

"ರೀ, ಗ್ಯಾಸ್ ಆಫ್ ಮಾಡಿದ್ರಾ?"

ಬೀಗದ ಕೈ ಇದ್ದದ್ದು ಎದುರುಮನೆ ರಾಯರ ಬಳಿ. ಫೋನು ಮಾಡಿದೆ. ವಾಕಿಂಗ್ ಮುಗಿಸಿ ಹೋಗಿ ನೋಡುತ್ತೇನೆ ಎಂದರು.

ಜೋಗದಲ್ಲಿ ಬರೀ ಮಂಜು. ಕಂಬಿಯ ಆಚೆ ಬಿಳಿ ಗೋಡೆ ಎಬ್ಬಿಸಿದಂತೆ. ಒಳಗೆಲ್ಲೋ ಭೋರ್ಗರೆತ ಕೇಳುತ್ತದೆ, ಏನೂ ಕಾಣುವುದಿಲ್ಲ. ನಮ್ಮಂತೆಯೇ ನೂರಾರು ಜನ ಆ ಬಿಳುಪನ್ನೇ ನೋಡುತ್ತ ಸುಟ್ಟ ಜೋಳ ತಿನ್ನುತ್ತಿದ್ದರು. ಒಂದು ಗಂಟೆ ಕಾದ ಮೇಲೆ ಮಂಜು ಸರಿಯಿತು. ಐದು ನಿಮಿಷ, ಹೆಚ್ಚಿಲ್ಲ. ಅವಳು ಕೊಡೆ ನನ್ನ ಕೈಗೆ ಕೊಟ್ಟು, ಬೆರಳು ಚಾಚಿ ಎಣಿಸಿದಳು: ರಾಜ, ರಾಣಿ, ರೋರರ್, ರಾಕೆಟ್. "ನಾಲ್ಕೂ ಇದೆ" ಎಂದಳು.

ಆಗಲೇ ರಾಯರ ಫೋನು ಬಂತು. ಗ್ಯಾಸ್ ಆಫ್ ಆಗಿತ್ತು. ಹಾಲಿನ ಪಾತ್ರೆ ಮಾತ್ರ ಫ್ರಿಜ್ಜಿಗೆ ಹೋಗದೆ ಕಟ್ಟೆಯ ಮೇಲೇ ಉಳಿದಿತ್ತಂತೆ, ಅದರ ಪಕ್ಕದಲ್ಲಿ ನನ್ನ ಕನ್ನಡಕ.