ವನವಾಸಕ್ಕೆ ಮುಂಗಡ ಬುಕಿಂಗ್

ವಾಲ್ಟ್ ಡಿಸ್ನಿ ಎಂಥ ಜಾಣ ನೋಡಿ. 1964–65ರಲ್ಲಿ ಫ್ಲಾರಿಡಾದ ಒರ್ಲ್ಯಾಂಡೊ ಪಕ್ಕದ ಜೌಗು, ಪೊದೆ, ಸೊಳ್ಳೆಗಳ ಸೀಮೆಯನ್ನು ಬೇನಾಮಿ ಕಂಪನಿಗಳ ಹೆಸರಿನಲ್ಲಿ ಸದ್ದಿಲ್ಲದೆ ಕೊಂಡ. ಒಟ್ಟು ಸುಮಾರು 27,000 ಎಕರೆ, ಎಕರೆಗೆ ಸರಾಸರಿ 200 ಡಾಲರಿಗೂ ಕಡಿಮೆ. ಮಾರಿದವರು 'ಯಾವನೋ ದಡ್ಡ ಸಿಕ್ಕ' ಎಂದು ಒಳಗೊಳಗೇ ನಕ್ಕಿರಬೇಕು. ಇವತ್ತು ಅದೇ ನೆಲದಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ, ಒಂದು ಟ್ರೇಲರ್ ನಿಲ್ಲಿಸುವಷ್ಟು ಜಾಗಕ್ಕೆ ಒಂದು ರಾತ್ರಿಯ ಬಾಡಿಗೆ ಅಂದಿನ ಒಂದು ಎಕರೆಯ ಕ್ರಯವನ್ನು ಮೀರುತ್ತದೆ. ಹಣದುಬ್ಬರ ಲೆಕ್ಕ ಹಾಕಿ ಸ್ವಾಮಿ ಎಂದು ಅರ್ಥಶಾಸ್ತ್ರದ ಮೇಷ್ಟ್ರು ಎದ್ದು ನಿಲ್ಲಬಹುದು. ಹಾಕೋಣ. ಆದರೆ ಅಂದಿನ ಕ್ರಯಪತ್ರ ನೆಲವನ್ನು ಸೂರ್ಯಚಂದ್ರರಿರುವವರೆಗೆ ಕೊಟ್ಟಿತು. ಇಂದಿನ ರಸೀದಿ ಬೆಳಗ್ಗೆ ಹನ್ನೊಂದಕ್ಕೆ ಖಾಲಿ ಮಾಡಿ ಎನ್ನುತ್ತದೆ.

ಈ ಬಾಡಿಗೆ ಕಾಡಿಗೆ ಫೋರ್ಟ್ ವೈಲ್ಡರ್ನೆಸ್ ಎಂದು ಹೆಸರು. ಡಿಸ್ನಿಯ ಮನರಂಜನಾ ಪಾರ್ಕು ಮ್ಯಾಜಿಕ್ ಕಿಂಗ್‌ಡಮ್ ಬಾಗಿಲು ತೆರೆದದ್ದು 1971ರ ಅಕ್ಟೋಬರ್ 1ರಂದು; ಮರುತಿಂಗಳು ಕಾಡಿನ ಉದ್ಘಾಟನೆಯೂ ಆಯಿತು. ಸುಮಾರು 750 ಎಕರೆ, ಪೈನ್ ಮತ್ತು ಸೈಪ್ರೆಸ್ ಮರಗಳ ನಡುವೆ ಸುಮಾರು 800 ಡೇರೆ-ಟ್ರೇಲರ್ ಜಾಗಗಳು, ಡೇರೆಯೂ ಟ್ರೇಲರೂ ಇಲ್ಲದವರಿಗೆ ಮುನ್ನೂರೈವತ್ತಕ್ಕೂ ಮಿಕ್ಕಿ ಕ್ಯಾಬಿನ್ನುಗಳು. ಬೀದಿಗಳಿಗೆ ಮೊಲ, ರಕೂನ್, ಪಾಸಮ್, ಕರಡಿಮರಿಗಳ ಹೆಸರು. ನಮ್ಮ ಬೆಂಗಳೂರಿನ ಬಡಾವಣೆಗಳಲ್ಲೂ ಹೀಗೇ: ಯಾವುದನ್ನು ಓಡಿಸಿ ಲೇಔಟ್ ಮಾಡಿದೆವೋ ಅದರದೇ ಹೆಸರು ಬೋರ್ಡಿನ ಮೇಲೆ.

ಇಲ್ಲಿ ವರ್ಣಾಶ್ರಮವೂ ಉಂಟು. ಡೇರೆಯವರ ಜಾಗ ಎಲ್ಲಕ್ಕಿಂತ ಕೆಳಗಿನ ದರ್ಜೆ. ಅದರ ಮೇಲೆ ನೀರು, ಕರೆಂಟು, ಒಳಚರಂಡಿ, ಕೇಬಲ್ ಟಿವಿ ಎಲ್ಲ ಸಿಕ್ಕಿಸಿಕೊಳ್ಳಬಹುದಾದ ಜಾಗ. ಅದರ ಮೇಲೆ 'ಪ್ರಿಫರ್ಡ್'. ಶಿಖರದಲ್ಲಿ 'ಪ್ರೀಮಿಯಂ'. ಅಂದರೆ ಬಟ್ಟೆಯ ಡೇರೆ ಹೂಡಿ ನೆಲದ ಮೇಲೆ ಮಲಗುವವನು, ಈ ಇಡೀ ವ್ಯವಹಾರದಲ್ಲಿ ನಿಜಕ್ಕೂ ಕ್ಯಾಂಪ್ ಮಾಡಲು ಬಂದ ಏಕೈಕ ಪ್ರಾಣಿ, ಕೊನೆಯ ಪಂಕ್ತಿಯವನು. ಕಾಡಿನಿಂದ ದೂರವಾದಷ್ಟೂ ದರ್ಜೆ ಏರುತ್ತದೆ.

ಪ್ರೀಮಿಯಂ ಜಾಗಕ್ಕೆ ಬರುವ ವಾಹನವನ್ನು ನೀವು ಕಣ್ಣಾರೆ ನೋಡಬೇಕು. ಮೋಟಾರ್ ಹೋಮ್ ಎನ್ನುತ್ತಾರೆ, ಗಾತ್ರದಲ್ಲಿ ನಮ್ಮ ವೋಲ್ವೊ ಬಸ್ಸು. ಒಳಗೆ ಸೋಫಾ, ಡಬಲ್ ಕಾಟ್, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಮಲಗುವ ಕೋಣೆಗೊಂದು ಮತ್ತು ಹೊರಗೆ ಕೂತು ನೋಡಲು ಇನ್ನೊಂದು ಟಿವಿ. ಬೆಲೆ ಕೆಲವು ಲಕ್ಷ ಡಾಲರ್. ಗ್ಯಾಲನ್ನಿಗೆ ಹತ್ತು ಮೈಲಿ ಓಡಿದರೆ ಪುಣ್ಯ. ಇದನ್ನು ಓಡಿಸಿಕೊಂಡು ಮಿಷಿಗನ್ನಿನಿಂದಲೋ ಒಹಾಯೊದಿಂದಲೋ ಬಂದವರನ್ನು ಯಾಕೆ ಇಷ್ಟು ಕಷ್ಟ ಎಂದು ಕೇಳಿದರೆ, ಡಿಸ್ನಿಯ ಹೋಟೆಲುಗಳು ಬಹಳ ದುಬಾರಿ, ಕ್ಯಾಂಪ್ ಮಾಡಿದರೆ ದುಡ್ಡು ಉಳಿಯುತ್ತದೆ ಎನ್ನುತ್ತಾರೆ. ಉಳಿತಾಯದ ಈ ಶಾಸ್ತ್ರ ನಮ್ಮ ಕಡೆಯೂ ಗೊತ್ತಿಲ್ಲದ್ದಲ್ಲ. ಆಫರಿನಲ್ಲಿ ಹತ್ತು ಸೀರೆ ಕೊಂಡು ಉಳಿಸಿದವರು ಮನೆಮನೆಯಲ್ಲೂ ಇದ್ದಾರೆ.

ಬಸ್ಸು ಬಂತು ಸರಿ, ಹಿಮ್ಮುಖವಾಗಿ ಮರಗಳ ಸಂದಿಗೆ ತೂರಬೇಕಲ್ಲ. ಗಂಡ ಸ್ಟಿಯರಿಂಗ್ ಹಿಂದೆ. ಹೆಂಡತಿ ಕೆಳಗಿಳಿದು, ಕೆಎಸ್‌ಆರ್‌ಟಿಸಿ ಕಂಡಕ್ಟರು ಇಕ್ಕಟ್ಟಿನ ಸ್ಟ್ಯಾಂಡಿನಲ್ಲಿ ಬಸ್ಸಿನ ಬೆನ್ನು ತಟ್ಟುತ್ತಾ ರೈಟ್ ರೈಟ್ ಅನ್ನುವ ಹಾಗೆ, ಎರಡೂ ಕೈ ಬೀಸುತ್ತಾಳೆ. ಕಂಡಕ್ಟರಿಗೆ ಸಿಗುವ ಮರ್ಯಾದೆ ಮಾತ್ರ ಸಿಗುವುದಿಲ್ಲ. ಅಕ್ಕಪಕ್ಕದವರು ಮಡಚುವ ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಇಡೀ ರೆಸಾರ್ಟಿನಲ್ಲಿ ಟಿಕೆಟ್ ಇಲ್ಲದ ಅತ್ಯುತ್ತಮ ಪ್ರದರ್ಶನ ಇದು. ಡಿಸ್ನಿಯವರ ಗಮನಕ್ಕೆ ಇನ್ನೂ ಬಂದಿಲ್ಲ.

ನಡೆದಾಡಲೆಂದು ಕಾಡಿಗೆ ಬಂದವರು ನಡೆಯುವುದಿಲ್ಲ. ಒಳಗೆ ಸ್ವಂತ ಕಾರಿನಲ್ಲಿ ಅಡ್ಡಾಡುವಂತಿಲ್ಲ. ಬಸ್ಸುಂಟು, ಆದರೆ ಕಾಯಬೇಕು. ಹಾಗಾಗಿ ಗಾಲ್ಫ್ ಕಾರ್ಟು. ಗಾಲ್ಫ್ ಆಡುವವರು ಯಾರೂ ಇಲ್ಲ, ಕಾರ್ಟು ಮಾತ್ರ ಎಲ್ಲರಿಗೂ ಬೇಕು. ದಿನಬಾಡಿಗೆ ಬೇರೆ, ಅದಕ್ಕೂ ಮುಂಗಡ ಬುಕಿಂಗ್, ಹಬ್ಬದ ದಿನಗಳಲ್ಲಿ ಸಿಗುವುದೇ ಕಷ್ಟ. ಹ್ಯಾಲೋವೀನ್ ಬಂದರೆ ಆ ಕಾರ್ಟುಗಳಿಗೆ ಹಡಗಿನ, ರೈಲಿನ, ಶವಪೆಟ್ಟಿಗೆಯ ವೇಷ ಕಟ್ಟಿ ಮೆರವಣಿಗೆ ಹೊರಡಿಸುತ್ತಾರೆ. ಕ್ರಿಸ್‌ಮಸ್ಸಿಗೆ ಡೇರೆಯ ಮುಂದೆ ಗಾಳಿ ತುಂಬಿದ ಸಾಂತಾ, ಸಾವಿರಾರು ಬಲ್ಬು. ನಗರದ ಬೆಳಕಿನಿಂದ ತಪ್ಪಿಸಿಕೊಂಡು ನಕ್ಷತ್ರ ನೋಡಲು ಬಂದವರು ನಕ್ಷತ್ರ ಕಾಣದಷ್ಟು ದೀಪವನ್ನು ಮನೆಯಿಂದಲೇ ಹೊತ್ತು ತಂದಿರುತ್ತಾರೆ.

ಸೊಳ್ಳೆಯ ವಿಷಯಕ್ಕೆ ಬರೋಣ. ಫ್ಲಾರಿಡಾದ ಜೌಗಿನಲ್ಲಿ ಸೊಳ್ಳೆ ಇಲ್ಲದ ಕ್ಯಾಂಪು ಎಂದರೆ ಪವಾಡವೇ. ಆದರೆ ಅದು ಪವಾಡವಲ್ಲ, ಎಂಜಿನಿಯರಿಂಗು. ನೀರು ನಿಲ್ಲದಂತೆ ಕಾಲುವೆ ಎಳೆಸುವ ಕೆಲಸಕ್ಕೆ ಡಿಸ್ನಿ ಕರೆತಂದದ್ದು ಪನಾಮಾ ಕಾಲುವೆ ವಲಯದ ಗವರ್ನರ್ ಆಗಿದ್ದ ಸೇನಾ ಎಂಜಿನಿಯರ್ ಜೋ ಪಾಟರ್ ಅವರನ್ನು. ಜೊತೆಗೆ ಅಲ್ಲಲ್ಲಿ ಕೋಳಿಗಳನ್ನು ಕಾವಲಿಗೆ ಇಟ್ಟಿದ್ದಾರೆ. ತಮಾಷೆಯಲ್ಲ. ಸೊಳ್ಳೆ ಕಚ್ಚಿದರೆ ಕೋಳಿಗೆ ವೆಸ್ಟ್ ನೈಲ್ ಜ್ವರ ಬರುವುದಿಲ್ಲ, ಆದರೆ ರಕ್ತದಲ್ಲಿ ಸುಳಿವು ಉಳಿಯುತ್ತದೆ. ಅದನ್ನು ಪರೀಕ್ಷೆ ಮಾಡಿ ವೈರಸ್ ಎಲ್ಲಿ ಓಡಾಡುತ್ತಿದೆ ಎಂದು ಕಂಡುಹಿಡಿಯುತ್ತಾರೆ. ಬುದ್ಧಿವಂತಿಕೆಯ ಕೆಲಸ, ತಲೆಬಾಗಬೇಕು. ಅದೇ ಸಂಜೆ ಕ್ಯಾಂಪಿನ ಪಯೊನೀರ್ ಹಾಲ್‌ನಲ್ಲಿ 1974ರಿಂದ ನಡೆಯುತ್ತಾ ಬಂದಿರುವ 'ಹೂಪ್-ಡೀ-ಡೂ' ಎಂಬ ಊಟದ ನಾಟಕದಲ್ಲಿ ಕರಿದ ಕೋಳಿಯನ್ನು ತಗಡಿನ ಬಕೆಟ್ಟಿನಲ್ಲಿ ತಂದಿಡುತ್ತಾರೆ. ಜನ ಕರವಸ್ತ್ರ ಬೀಸಿ ಹಾಡುತ್ತಾರೆ. ಕೋಳಿಯಾಗಿ ಹುಟ್ಟಿದರೆ ಡಿಸ್ನಿಯಲ್ಲಿ ಎರಡೇ ಇಲಾಖೆ: ಆರೋಗ್ಯ, ಆಹಾರ.

ರಾತ್ರಿ ಬೆಂಕಿಯ ಸುತ್ತ ಹಾಡು. ಚಿಪ್ ಮತ್ತು ಡೇಲ್ ಎಂಬ ಅಳಿಲಿನಂಥ ಎರಡು ವೇಷಗಳು ಬಂದು ಮಕ್ಕಳನ್ನು ತಬ್ಬಿಕೊಳ್ಳುತ್ತವೆ. ಮಾರ್ಷ್‌ಮೆಲೊ ಸುಡಲು ಕಡ್ಡಿ ಬೇಕೇ? ಅಲ್ಲೇ ಗಾಡಿಯಲ್ಲಿ ಮಾರುತ್ತಾರೆ. ಸುತ್ತ ಕಾಡಿದೆ, ಕಾಡಿನ ತುಂಬ ಕಡ್ಡಿಯಿದೆ. ಆದರೂ ಕಡ್ಡಿ ಅಂಗಡಿಯದೇ ಆಗಬೇಕು. ವೇಷದೊಳಗೆ ಬೆವರುವವರಿಗೆ ಟೀಮ್‌ಸ್ಟರ್ಸ್ ಕಾರ್ಮಿಕ ಸಂಘದ ಬೆಂಬಲ ಉಂಟು. ಪೊದೆಯಿಂದ ಇಣುಕಿ ಫೋಟೊಗೆ ಸಿಕ್ಕಿ ಹೋಗುವ ನಿಜವಾದ ಜಿಂಕೆ, ಮೊಲ, ಆರ್ಮಡಿಲೊಗಳು ಬಿಟ್ಟಿ ದುಡಿಯುತ್ತವೆ. ಆಮೇಲೆ ಸರೋವರದ ಮೇಲೆ ದೀಪದ ಮೆರವಣಿಗೆ. ಬಲ್ಬಿನ ಆಮೆ, ಬಲ್ಬಿನ ತಿಮಿಂಗಿಲ, ಕೊನೆಗೆ ಬಲ್ಬಿನ ಅಮೆರಿಕದ ಬಾವುಟ. ಅಷ್ಟರಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಕಡೆಯಿಂದ ಪಟಾಕಿ. ಅದರ ಹೊಗೆ ಕರಗುವ ಹೊತ್ತಿಗೆ ಕ್ಯಾಂಪಿನ ನಿಯಮ ನೆನಪಾಗುತ್ತದೆ: ರಾತ್ರಿ ಹತ್ತರ ಮೇಲೆ ದಯವಿಟ್ಟು ಗಲಾಟೆ ಬೇಡ.

ಇಷ್ಟರವರೆಗೆ ನಗಬಹುದು. ಹೆಸರಿನಲ್ಲಿರುವ 'ಫೋರ್ಟ್', ಅಂದರೆ ಕೋಟೆಯ ಕಥೆ ಅಷ್ಟು ಸಲೀಸಲ್ಲ. ಒರ್ಲ್ಯಾಂಡೊ ಹುಟ್ಟಿದ್ದೇ 1838ರಲ್ಲಿ ಅಮೆರಿಕದ ಸೇನೆ ಕಟ್ಟಿದ ಫೋರ್ಟ್ ಗ್ಯಾಟ್ಲಿನ್ ಎಂಬ ನಿಜವಾದ ಕೋಟೆಯ ಆಸುಪಾಸಿನಲ್ಲಿ. ಆ ಕೋಟೆ ಕಟ್ಟಿದ್ದು ಸೆಮಿನೋಲ್ ಜನರನ್ನು ಅವರದೇ ನೆಲದಿಂದ ಎಬ್ಬಿಸಲಿಕ್ಕೆ. 1830ರಲ್ಲಿ ಆದ ಎತ್ತಂಗಡಿ ಕಾಯಿದೆಗೆ ಅಮೆರಿಕದ ಸಂಸತ್ತಿನಲ್ಲಿ ವಿರೋಧವಾಗಿ ಮತ ಹಾಕಿದವರಲ್ಲಿ ಟೆನೆಸಿಯ ಡೇವಿ ಕ್ರಾಕೆಟ್ ಒಬ್ಬ. ಮುಂದಿನ ಚುನಾವಣೆಯಲ್ಲಿ ಸೋತ. 1954–55ರಲ್ಲಿ ಅವನ ಮೇಲೆ ಟಿವಿ ಸರಣಿ ಮಾಡಿದ ಡಿಸ್ನಿ, ನ್ಯಾಯವಾಗಿ ಹೇಳಬೇಕೆಂದರೆ, ಆ ಜಗಳವನ್ನೂ ತೋರಿಸಿತ್ತು. ಆದರೆ ದೇಶದ ಮಕ್ಕಳು ನೆನಪಿಟ್ಟುಕೊಂಡದ್ದು ಅವನ ರಕೂನ್ ಬಾಲದ ಟೊಪ್ಪಿಗೆಯನ್ನು. ಕ್ಯಾಂಪಿನಲ್ಲಿ ಅವನಿಗೆ ಸಿಕ್ಕ ಸ್ಮಾರಕ ಕ್ರಾಕೆಟ್ಸ್ ಟ್ಯಾವರ್ನ್ ಎಂಬ ಹೆಂಡದಂಗಡಿ. ಇನ್ನು ಬಿಲ್ಲಿ ಬೋಲೆಗ್ಸ್. ಕೊನೆಯ ಸೆಮಿನೋಲ್ ಯುದ್ಧದ ನಾಯಕ, 1858ರಲ್ಲಿ ಫ್ಲಾರಿಡಾ ಬಿಟ್ಟು ಪಶ್ಚಿಮಕ್ಕೆ ಹೊರಡಬೇಕಾಯಿತು. ಕ್ಯಾಂಪಿನಲ್ಲಿ ಹುಲ್ಲು ಕತ್ತರಿಸುವ ಹಳೇ ಯಂತ್ರವೊಂದನ್ನು ನುಂಗಿಕೊಂಡು ಬೆಳೆದ ಮರವಿತ್ತು; ಅದರ ಪಕ್ಕದ ಹಾಸ್ಯದ ಫಲಕದಲ್ಲಿ ಯಂತ್ರ ಅಲ್ಲೇ ಬಿಟ್ಟು ಮರೆತ ಸೋಮಾರಿಗೆ ಇದೇ ಹೆಸರು. ನೆಲ ಹೋಯಿತು, ಹೆಸರಾದರೂ ಉಳಿಯಿತಲ್ಲ ಎನ್ನುವವರು ಅದು ಯಾವ ಕೆಲಸಕ್ಕೆ ಉಳಿಯಿತೆಂದು ನೋಡಲಿ.

ನಮ್ಮವರೂ ಬರುತ್ತಾರೆ. ಅಟ್ಲಾಂಟಾದಲ್ಲೋ ಷಾರ್ಲಟ್‌ನಲ್ಲೋ ಸಾಫ್ಟ್‌ವೇರ್ ಬರೆಯುವ ಮಗ, ಆರು ತಿಂಗಳ ವೀಸಾದಲ್ಲಿ ಬಂದ ಅಪ್ಪ-ಅಮ್ಮನನ್ನು ಡಿಸ್ನಿ ತೋರಿಸಲು ಕರೆತರುತ್ತಾನೆ. ಕುಕ್ಕರು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಸಮೇತ ಬಾಡಿಗೆ ಟ್ರೇಲರು. ಅಪ್ಪ ಶೃಂಗೇರಿ ಕಡೆಯವರು ಎಂದಿಟ್ಟುಕೊಳ್ಳಿ; ಜಿಗಣೆಗೆ ರಕ್ತ ಕೊಟ್ಟು, ಮಳೆಗಾಲದ ಮೂರು ತಿಂಗಳು ಕರೆಂಟಿಲ್ಲದೆ, ಹಸಿ ಸೌದೆಯ ಒಲೆ ಊದುತ್ತ ಬೆಳೆದ ಜೀವ.

"ಇದಕ್ಕೆ ದುಡ್ಡು ಕೊಟ್ಯನಾ?"

"ಇದೊಂದು ಎಕ್ಸ್‌ಪೀರಿಯನ್ಸ್ ಅಪ್ಪಯ್ಯ."

"ಅದು ನಂಗೆ ಎಪ್ಪತ್ತು ವರ್ಷದ್ದು ಉಂಟಲ್ಲ ಮಾರಾಯ."

ಅಮ್ಮ ಒಬ್ಬರಿಗೇ ಜಾಗ ಹಿಡಿಸಿದೆ. ಸ್ನಾನದ ಮನೆಗೂ ಏಸಿ, ಪಕ್ಕದಲ್ಲೇ ಬಟ್ಟೆ ಒಗೆಯುವ ಯಂತ್ರಗಳ ಸಾಲು. ಇಂಥ ಕಾಡಾಗಿದ್ದರೆ ಸೀತಮ್ಮ ಇನ್ನೂ ಹದಿನಾಲ್ಕು ವರ್ಷ ಇರುತ್ತಿದ್ದಳು ಎಂದು ಅವರ ಅಭಿಪ್ರಾಯ. ನನ್ನ ದೃಷ್ಟಿಯಲ್ಲಿ ಫೋರ್ಟ್ ವೈಲ್ಡರ್ನೆಸ್ ಬಗ್ಗೆ ಇದಕ್ಕಿಂತ ಪ್ರಾಮಾಣಿಕ ವಿಮರ್ಶೆ ಬಂದಿಲ್ಲ.

ಗಿರಾಕಿಗೆ ಕಾಡು ಬೇಕು, ಕಾಡಿನದು ಏನೂ ಬೇಡ. ಕಂಪನಿ ಅದನ್ನೇ ಕೊಡುತ್ತದೆ, ಮೋಸವೇನೂ ಇಲ್ಲ. ಮೋಸ ಇಲ್ಲವೆಂಬುದಕ್ಕೆ ಪುರಾವೆ ಬೇಕಿದ್ದರೆ, ಅಲ್ಲಿ ನಿಜವಾದ ಕಾಡು ಹುಟ್ಟಿದಾಗ ಏನಾಯಿತು ನೋಡಿ. ಕ್ಯಾಂಪಿನ ದಡದಲ್ಲೇ 1976ರಲ್ಲಿ ರಿವರ್ ಕಂಟ್ರಿ ಎಂಬ ನೀರಾಟದ ಪಾರ್ಕು ತೆರೆದರು. ಹಳ್ಳಿ ಹುಡುಗರು ಹೊಳೆಯಲ್ಲಿ ಈಜುವ ಸುಖದ ನಕಲು. 2001ರಲ್ಲಿ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಯಾರೂ ಕೈಹಾಕದ ಹತ್ತು ಹದಿನೈದು ವರ್ಷಗಳಲ್ಲಿ ಬಳ್ಳಿ ಜಾರುಬಂಡೆಗಳನ್ನು ತಬ್ಬಿತು, ನೀರು ಪಾಚಿಗಟ್ಟಿತು, ಕಟ್ಟೆಗಳ ನಡುವೆ ಮರ ಎದ್ದಿತು. ಯಾವ ವಿನ್ಯಾಸಕಾರನ ಸಹಿಯೂ ಇಲ್ಲದ, ಬಿಟ್ಟಿ ಬಂದ ಅಪ್ಪಟ ಅರಣ್ಯ. ಡಿಸ್ನಿ ಅದರ ಸುತ್ತ ಬೇಲಿ ಹಾಕಿ, ಅತಿಥಿಗಳಿಗೆ ಪ್ರವೇಶವಿಲ್ಲ ಎಂದು ಬರೆಸಿತು. ಕೊನೆಗೆ ಕೆಡವಿ ಸಮತಟ್ಟು ಮಾಡಿತು. ಆ ಜಾಗ ಈಗ ಹೊಸ ಹೋಟೆಲಿನ ಪಾಲು.

ಅದೇ ಸರೋವರದ ನಡುವೆ ಡಿಸ್ಕವರಿ ಐಲೆಂಡ್ ಎಂಬ ದ್ವೀಪವಿದೆ. ಹಿಂದೆ ಮೃಗಾಲಯವಾಗಿತ್ತು, 1999ರಲ್ಲಿ ಮುಚ್ಚಿ ಪ್ರಾಣಿಗಳನ್ನು ಸಾಗಿಸಿದರು, ಅಂದಿನಿಂದ ಪಾಳು. 2020ರ ವಸಂತದಲ್ಲಿ, ಕೋವಿಡ್ಡಿಗೆ ಹೆದರಿ ಪಾರ್ಕುಗಳೆಲ್ಲ ಬಾಗಿಲು ಹಾಕಿದ್ದಾಗ, ಒಬ್ಬ ಮನುಷ್ಯ ಆ ದ್ವೀಪಕ್ಕೆ ಹೋಗಿ ಬಿಡಾರ ಹೂಡಿದ. ಗಾಲ್ಫ್ ಕಾರ್ಟಿಲ್ಲ, ಕೇಬಲ್ಲಿಲ್ಲ, ಒಳಚರಂಡಿಯಿಲ್ಲ. ಷೆರಿಫ್ ಕಚೇರಿಯವರು ಹುಡುಕಿಕೊಂಡು ಬಂದಾಗ, ನಿಷಿದ್ಧ ಜಾಗವೆಂದು ಗೊತ್ತಿರಲಿಲ್ಲ, ನನಗಂತೂ ಸ್ವರ್ಗದಂತೆ ಕಂಡಿತು ಎಂಬರ್ಥದ ಮಾತು ಹೇಳಿದನಂತೆ. ಡಿಸ್ನಿ ಜಮೀನಿನಲ್ಲಿ ಶುದ್ಧ ಶಾಸ್ತ್ರೋಕ್ತ ಕ್ಯಾಂಪಿಂಗ್ ಮಾಡಿದವನು ನನಗೆ ತಿಳಿದಂತೆ ಇವನೊಬ್ಬನೇ. ಅತಿಕ್ರಮ ಪ್ರವೇಶದ ಕೇಸು ಹಾಕಿ ಹಿಡಿದುಕೊಂಡು ಹೋದರು. ಡಿಸ್ನಿಯ ಯಾವ ಜಾಗಕ್ಕೂ ಇನ್ನು ಕಾಲಿಡಬಾರದೆಂದು ನಿಷೇಧವೂ ಬಿತ್ತು.

ಆದ್ದರಿಂದ ನೀವು ಹೋಗುವುದಿದ್ದರೆ ಬುಕಿಂಗ್ ಮಾಡಿಯೇ ಹೋಗಿ. ಗಾಲ್ಫ್ ಕಾರ್ಟನ್ನು ಅದಕ್ಕೂ ಮೊದಲು ಹಿಡಿದಿಡಿ, ಡಿಸೆಂಬರಿನಲ್ಲಿ ಸಿಗುವುದಿಲ್ಲ.