ನಿಂತಲ್ಲೇ ನೂರ ನಲವತ್ತು

ನಮ್ಮ ಕಡೆ ಗಾಡಿಯ ಶಕ್ತಿ ಅಳೆಯುವುದಕ್ಕೆ ಯಂತ್ರವೇನೂ ಬೇಕಾಗಿರಲಿಲ್ಲ. ಬೈಂದೂರಿನವರಿಗೆ ಒತ್ತಿನೆಣೆಯ ಏರಿತ್ತು, ಕುಂದಾಪುರದವರಿಗೆ ಹೊಸಂಗಡಿಯಾಚೆಯ ಬಾಳೆಬರೆ ಘಾಟಿ ಇತ್ತು. ಬ್ರಹ್ಮಾವರದವರ ಹತ್ತಿರದಲ್ಲಿ ಹೇಳಿಕೊಳ್ಳುವಂಥ ಏರು ಇಲ್ಲದ್ದರಿಂದ ಅವರು ಮೈಲೇಜಿನ ಬಗ್ಗೆ ಮಾತಾಡುತ್ತಿದ್ದರು. ಆರು ಜನ, ಎರಡು ಹಲಸಿನಹಣ್ಣು, ಒಂದು ಟ್ರಂಕು ತುಂಬಿಕೊಂಡ ಅಂಬಾಸಿಡರು ಎರಡನೇ ಗೇರಿನಲ್ಲೇ ಘಾಟಿ ಹತ್ತಿಬಿಟ್ಟರೆ ‘ಪುಲ್ಲಿಂಗ್ ಲಾಯ್ಕಿತ್ತ್’ ಎಂದು ತೀರ್ಪಾಗುತ್ತಿತ್ತು. ಹತ್ತದಿದ್ದರೆ ಡ್ರೈವರು ಬಾನೆಟ್ ಎತ್ತಿ, ರೇಡಿಯೇಟರಿಗೆ ನೀರು ಹೊಯ್ದು, ಹಲಸಿನಹಣ್ಣು ತಂದವರನ್ನೊಮ್ಮೆ ನೋಡುತ್ತಿದ್ದ. ಪರೀಕ್ಷೆ ಅಲ್ಲಿಗೆ ಮುಗಿಯಿತು.

ಈಗಿನ ಹುಡುಗರಿಗೆ ‘ಲಾಯ್ಕಿತ್ತ್’ ಸಾಲುವುದಿಲ್ಲ. ಅಂಕಿ ಬೇಕು, ಅದೂ ಗ್ರಾಫಿನ ಸಮೇತ. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಕೈಬದಲಾಗಿ ಬಂದ ಹಳೆಯ ಡೀಸೆಲ್ ಸ್ವಿಫ್ಟ್ ಒಂದನ್ನು ಇಟ್ಟುಕೊಂಡಿದ್ದಾನೆ. ಅದರ 1.3 ಲೀಟರ್ ಎಂಜಿನಿಗೆ ಕಂಪನಿ ಕೊಟ್ಟದ್ದು 75 ಕುದುರೆ. ಇವನಿಗೆ ಆ ಲಾಯ ಚಿಕ್ಕದೆನಿಸಿತು. ಎಂಜಿನನ್ನು ಆಳುವ ಇಸಿಯುವಿನೊಳಗಿನ ಲೆಕ್ಕವನ್ನೇ ತಿದ್ದಿಸಿದ. ಅದಕ್ಕೆ ರೀಮ್ಯಾಪ್ ಎನ್ನುತ್ತಾರಂತೆ. ಟರ್ಬೊ ಸ್ವಲ್ಪ ಹೆಚ್ಚು ಗಾಳಿ ತಳ್ಳಬೇಕು, ಇಂಜೆಕ್ಟರು ಸ್ವಲ್ಪ ಹೆಚ್ಚು ಡೀಸೆಲ್ ಚಿಮ್ಮಬೇಕು, ಇಷ್ಟೇ ಮಾವ ಎಂದ. ಜತೆಗೆ ಒಂದು ದಪ್ಪ ಸೈಲೆನ್ಸರು. ಅದು ಹೆಸರಿಗೆ ಮಾತ್ರ ಸೈಲೆನ್ಸರು. ಅವನು ತಲ್ಲೂರಿನಲ್ಲಿ ಗೇರು ಬದಲಿಸಿದರೆ ಹೆಮ್ಮಾಡಿಯಲ್ಲಿ ನಾಯಿ ಏಳುತ್ತಿತ್ತು.

ಕುದುರೆಯ ಲೆಕ್ಕವೇ ಒಂದು ತಮಾಷೆ. ಕಾರಿನ ಪುಸ್ತಿಕೆಯಲ್ಲಿ ಬರುವ ಒಂದು ಕುದುರೆ ಎಂದರೆ 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತುವ ಶಕ್ತಿ. 50 ಕಿಲೋದ ಅಕ್ಕಿ ಚೀಲ ಒಂದೂವರೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಸೊಂಟದ ಮಟ್ಟಕ್ಕೆ ತಂದಂತೆ. ಇದನ್ನು ಅಳೆಯಲು ಫ್ರಾನ್ಸಿನ ಪ್ರೋನಿ ಎಂಬವರು 1821ರಲ್ಲಿ ತಿರುಗುವ ದಂಡಕ್ಕೆ ಮರದ ಹಿಡಿತ ಬಿಗಿದು, ಆ ಹಿಡಿತ ದಂಡದ ಜತೆ ತಿರುಗದಂತೆ ತಡೆಯಲು ಎಷ್ಟು ತೂಕ ಬೇಕೆಂದು ಕಟ್ಟಿ ನೋಡಿದರು. 1877ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೌಡ್ ಹಡಗಿನ ಎಂಜಿನುಗಳಿಗಾಗಿ ನೀರನ್ನೇ ಬ್ರೇಕು ಮಾಡಿದರು. ಪೆಟ್ಟಿಗೆಯೊಳಗೆ ನೀರು ಕಡೆಯುತ್ತ ಕಡೆಯುತ್ತ ಎಂಜಿನಿನ ಶಕ್ತಿ ಕರಗಬೇಕು, ಎಷ್ಟು ಕರಗಿತೆಂಬುದು ಲೆಕ್ಕಕ್ಕೆ ಸಿಗಬೇಕು.

ಇದನ್ನು ಓದಿದಾಗ ನನಗೆ ಫ್ರೌಡ್ ಸಾಹೇಬರನ್ನು ಒಮ್ಮೆ ನಮ್ಮ ಕಂಬಳಕ್ಕೆ ಕರೆಯಬೇಕಿತ್ತು ಅನ್ನಿಸಿತು. ಕೆನೆ ಹಲಗೆಯ ಓಟ ನೋಡಿದವರಿಗೆ ಗೊತ್ತು. ತೂತುಗಳಿರುವ ಮರದ ಹಲಗೆಯ ಮೇಲೆ ಓಡಿಸುವವನು ಒಂಟಿಕಾಲೂರಿ ನಿಂತಿರುತ್ತಾನೆ. ಕೋಣಗಳು ಕಿತ್ತುಕೊಂಡು ಓಡಿದಂತೆ ಗದ್ದೆಯ ನೀರು ಆ ತೂತುಗಳಿಂದ ಮೇಲಕ್ಕೆ ಚಿಮ್ಮುತ್ತದೆ. ಮೇಲೆ ನಿಶಾನೆಯ ಬಟ್ಟೆ ಕಟ್ಟಿರುತ್ತಾರೆ, 6.5 ಕೋಲು ಎತ್ತರಕ್ಕೊಂದು, 7.5 ಕೋಲು ಎತ್ತರಕ್ಕೊಂದು. ಬಟ್ಟೆ ಒದ್ದೆಯಾಯಿತೋ, ಕೋಣಕ್ಕೆ ಶಕ್ತಿ ಇದೆ. ಗ್ರಾಫಿಲ್ಲ, ಪ್ರಿಂಟಿಲ್ಲ, ತಕರಾರೂ ಕಡಿಮೆ. ನೀರಿನ ಎತ್ತರದಿಂದ ಎಳೆತವನ್ನು ಓದುವ ಇಂಥ ಯಂತ್ರ ನಮ್ಮ ಕೆಸರಿನಲ್ಲೇ ಇದ್ದರೂ ಅದಕ್ಕೆ ‘ಡೈನಮೋಮೀಟರ್’ ಎಂಬಂಥ ಗ್ರೀಕ್ ಹೆಸರಿಡಬೇಕೆಂದು ತಗ್ಗರ್ಸೆಯಲ್ಲಾಗಲಿ ವಂಡಾರಿನಲ್ಲಾಗಲಿ ಯಾರಿಗೂ ಹೊಳೆಯಲಿಲ್ಲ.

ಅಳಿಯ ನನ್ನನ್ನು ಬೆಂಗಳೂರಿನಲ್ಲಿ ಕಾರುಗಳ ಡೈನಮೋಮೀಟರ್ ಇರುವಲ್ಲಿಗೆ ಕರೆದೊಯ್ದ; ಹುಡುಗರ ಬಾಯಲ್ಲಿ ಅದು ಡೈನೋ. ದೊಡ್ಡ ಶೆಡ್ಡು. ನೆಲದಲ್ಲಿ ಹೊಂಡ, ಹೊಂಡದಲ್ಲಿ ಉಕ್ಕಿನ ಉರುಳೆಗಳು, ಅವುಗಳ ಮೈಯೆಲ್ಲ ತರಿ ತರಿ. ಮುಂದಿನ ಚಕ್ರಗಳನ್ನು ಉರುಳೆಯ ಮೇಲೆ ಕೂರಿಸಿ, ಕಾರನ್ನು ಹಿಂದೆಮುಂದೆ ಪಟ್ಟಿಗಳಿಂದ ನೆಲದ ಕೊಕ್ಕೆಗಳಿಗೆ ಬಿಗಿಯುತ್ತಾರೆ. ಎದುರಿಗೊಂದು ರಾಕ್ಷಸ ಫ್ಯಾನು, ಹಿಂದೆ ಹೊಗೆ ಎಳೆಯುವ ಕೊಳವೆ. ನಾವು ಹೋದಾಗ ಬೇರೆ ಯಾರದೋ ಕಾರು ಮೇಲಿತ್ತು. ಚಾಲಕ ನಾಲ್ಕನೇ ಗೇರಿಗೆ ಹಾಕಿ ಪೆಡಲನ್ನು ನೆಲಕ್ಕೆ ಒತ್ತಿದ. ಸ್ಪೀಡೋಮೀಟರು ನೂರ ನಲವತ್ತು ತೋರಿಸುತ್ತಿದೆ, ಕಾರು ಇದ್ದಲ್ಲೇ ಇದೆ. ಪಟ್ಟಿಗಳು ತಂತಿಯಷ್ಟು ಬಿಗಿದು ನಡುಗುತ್ತಿವೆ, ಬಾನೆಟ್ ಅತ್ತಿತ್ತ ಹೊರಳುತ್ತಿದೆ, ಒಳಗಿದ್ದವನು ಸ್ಟಿಯರಿಂಗನ್ನು ನೇರಕ್ಕೆ ಹಿಡಿದು ಕೂತಿದ್ದಾನೆ. ನನಗಂತೂ ಬಾಳೆಬರೆಯ ತಿರುವೇ ವಾಸಿ ಅನ್ನಿಸಿತು. ಅಲ್ಲಿ ಕಡೇಪಕ್ಷ ಗಾಡಿ ಮುಂದಕ್ಕೆ ಹೋಗುತ್ತದೆ.

ಡೈನೋ ನಡೆಸುವಾತ ಒಳ್ಳೆಯ ಮನುಷ್ಯ, ನಡುವಯಸ್ಸಿನವನು, ಕಿವಿಗೆ ಮುಚ್ಚಳ ಹಾಕಿಕೊಂಡೇ ಮಾತಾಡುತ್ತಿದ್ದ. ಅವನಿಗೆ ಹೆದರಿಕೆ ಇದ್ದದ್ದು ಕಾರಿನ ಬಗ್ಗೆಯಲ್ಲ, ನೋಡಲು ಬಂದವರ ಬಗ್ಗೆ. ಪಟ್ಟಿ ಹರಿದರೆ ಕಾರು ಉರುಳೆಯಿಂದ ಮುಂದಕ್ಕೆ ನೆಗೆಯುತ್ತದೆ. ಟೈರಿನ ಗೀರಿನಲ್ಲಿ ಸಿಕ್ಕಿದ ಜಲ್ಲಿ ಹಿಂದಕ್ಕೆ ಚಿಮ್ಮುತ್ತದೆ. ವೀಡಿಯೊ ಮಾಡುವ ಗೆಳೆಯರೋ, ಸರಿಯಾಗಿ ಈ ಎರಡು ಕಡೆಯೇ ನಿಲ್ಲುತ್ತಾರೆ. ಕಂಬಳದ ಕೋಣ ಸಾಕುವ ನಮ್ಮ ನೆರೆಯವರು ಇದನ್ನು ಯಾವ ಶೆಡ್ಡೂ ನೋಡದೆ ಹೇಳಿದ್ದಾರೆ: “ಓಡು ಕ್ವಾಣದ್ ಎದ್ರ್ ನಿತ್ಕಂಬುಕಾಗ, ಕಟ್ಟದ್ ಕ್ವಾಣದ್ ಹಿಂದ್ ನಿತ್ಕಂಬುಕಾಗ.” ಇಲ್ಲಿ ಕೋಣ ಓಡುತ್ತಲೂ ಇದೆ, ಕಟ್ಟಿಯೂ ಇದೆ.

ಬ್ರೇಕಿನ ವಿಷಯವೂ ಹಾಗೆಯೇ. ಹೆದರಿದವನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಆದರೆ ಕೆಳಗೆ ತಿರುಗುತ್ತಿರುವ ಭಾರೀ ಉರುಳೆಗೆ ನಿಮ್ಮ ಹೆದರಿಕೆ ಗೊತ್ತಿಲ್ಲ. ಅದರ ವೇಗವೆಲ್ಲ ಒಮ್ಮೆಗೇ ಟೈರಿನ ಮೇಲೆ, ಪಟ್ಟಿಯ ಮೇಲೆ ಬೀಳುತ್ತದೆ. ಪೆಡಲು ಬಿಟ್ಟು, ಉರುಳೆ ತಾನಾಗಿ ನಿಧಾನವಾಗುವ ತನಕ ಸುಮ್ಮನೆ ಕೂತಿರಬೇಕು. ಇಪ್ಪತ್ತೈದರ ಹುಡುಗರಿಗೆ ಇದಕ್ಕಿಂತ ಕಷ್ಟದ ಕೆಲಸ ಕೊಡುವುದು ಸಾಧ್ಯವಿಲ್ಲ.

ಇನ್ನೊಂದು ಸಂಗತಿ ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ಡೀಸೆಲ್ ಗಾಡಿಗೆ ಟರ್ಬೊದ ಒತ್ತಡ ಏರಿಸಿದಾಗ ಅದರ ಆಯಿಲ್ ಸೀಲು ಕೈಕೊಟ್ಟರೆ ಎಂಜಿನು ತನ್ನದೇ ಆಯಿಲನ್ನು ಎಳೆದುಕೊಂಡು ಉರಿಸತೊಡಗುತ್ತದೆ. ಆಗ ಕೀಲಿ ತಿರುಗಿಸಿ ಕಿಸೆಗೆ ಹಾಕಿಕೊಂಡರೂ ಅದು ನಿಲ್ಲುವುದಿಲ್ಲ. ಡೀಸೆಲ್ಲಿನ ಹಂಗೇ ಇಲ್ಲವಲ್ಲ. ಶೆಡ್ಡು ತುಂಬ ಬಿಳಿ ಹೊಗೆ, ಎಂಜಿನಿನ ಕೂಗು ಏರುತ್ತಲೇ ಇರುತ್ತದೆ. ಗಾಳಿ ಹೋಗುವ ದಾರಿಯನ್ನು ಮುಚ್ಚಬೇಕು, ಕೈಯಿಂದಲ್ಲ, ಗಟ್ಟಿ ಹಲಗೆಯಿಂದ. ಆ ಶೆಡ್ಡಿನಲ್ಲಿ ಅಂಥದೊಂದು ಪ್ಲೈವುಡ್ ತುಂಡು ಗೋಡೆಗೆ ಒರಗಿಸಿಟ್ಟಿತ್ತು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರು. ಅದನ್ನು ಕಂಡ ಮೇಲೆಯೇ ನನಗೆ ಆ ಮನುಷ್ಯನಲ್ಲಿ ನಂಬಿಕೆ ಬಂದದ್ದು. ಹಲಗೆ ಕಾಣದ ಶೆಡ್ಡಿಗೆ ಡೀಸೆಲ್ ಕಾರು ಕೊಡಬೇಡಿ.

ಇಷ್ಟೆಲ್ಲ ಅಪಾಯ ಇಟ್ಟುಕೊಂಡು ಸಿಗುವ ಅಂಕಿಯಾದರೂ ಗಟ್ಟಿಯೇ? ಉರುಳೆಗೆ ಸಿಗುವುದು ಚಕ್ರದ ಶಕ್ತಿ. ಗೇರುಪೆಟ್ಟಿಗೆ ಮಧ್ಯೆ ತಿಂದದ್ದನ್ನು ಅಂದಾಜು ಸೇರಿಸಿ ಎಂಜಿನಿನ ಶಕ್ತಿ ಹೇಳುತ್ತಾರೆ. ಹವೆ ಬಿಸಿಯಾದರೆ ತೆಳ್ಳಗಾಗುತ್ತದೆ, ಎಂಜಿನು ಸೋಲುತ್ತದೆ; ಅದಕ್ಕೆ 25 ಡಿಗ್ರಿಯಲ್ಲಿದ್ದರೆ ಎಷ್ಟಿರುತ್ತಿತ್ತೆಂದು ತಿದ್ದುತ್ತಾರೆ. ಏಪ್ರಿಲ್ ಸೆಕೆಯಲ್ಲಿ ಕುಂದಾಪುರದಲ್ಲಿ ಅಳೆದರೆ ಎಷ್ಟು ತಿದ್ದಬೇಕಾದೀತೋ! 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಇಂಥದೇ ತಿದ್ದುಪಡಿ ಮಾಡಿತ್ತು. ನೂರು ಮೀಟರಿಗೆ ಭಾಗಿಸಿ 9.55 ಎಂದು, ಉಸೇನ್ ಬೋಲ್ಟರ 9.58ನ್ನು ಒಂದೇ ದಿನದಲ್ಲಿ ಹಿಂದೆ ಹಾಕಿದರು. ಎದುರಿಗೆ ಎಳೆಯುತ್ತಿದ್ದ ಎರಡು ಕೋಣಗಳ ಲೆಕ್ಕ ಬಿಟ್ಟೇಹೋಗಿತ್ತು. ಓಡಿದವರಿಗೆ ಮಾತ್ರ ಅದು ಮರೆತಿರಲಿಲ್ಲ. ಟ್ರ್ಯಾಕಿಗೆ ಬನ್ನಿ ಎಂದು ಕರೆ ಬಂದಾಗ ವಿನಯದಿಂದಲೇ ಬೇಡವೆಂದರು.

ಕಾನೂನಿನವರ ಲೆಕ್ಕದಲ್ಲಿ ಇಂಥ ಗೊಂದಲಗಳಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಬರೆದದ್ದಕ್ಕೆ ಹೊರತಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಸೆರೆ, ಅಥವಾ ಎರಡೂ. ಅಳಿಯನ ಕಾರಿನ ಬದಲಾವಣೆಗಳ ಪಟ್ಟಿಯನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಬೆರಳಲ್ಲಿ ಎಣಿಸುತ್ತ ಹೋಗಿ, “ಇದ್ರಗೆ ಒಂದ್ ಬಳೆ ಆತಿತ್ತ್” ಎಂದಳು.

ಆದರೂ ಒಂದು ಮಾತು ಅಳಿಯನ ಪರವಾಗಿ ಹೇಳುತ್ತೇನೆ. ಅವನು ಆ ಕಾರನ್ನು ಮರವಂತೆಯಲ್ಲಿ ಪರೀಕ್ಷಿಸಲಿಲ್ಲ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ನೇರಕ್ಕೆ ಬಿದ್ದಿರುವ ಹೆದ್ದಾರಿ 66. ಅದನ್ನು ಕಂಡ ಕೂಡಲೇ ಪೆಡಲು ಒತ್ತುವವರು ಬೇಕಾದಷ್ಟಿದ್ದಾರೆ. ಅಲ್ಲಿ ಎಳನೀರು ಕುಡಿಯುತ್ತ ನಿಂತವರಿಗೆ, ಬಲೆ ಹೊತ್ತು ರಸ್ತೆ ದಾಟುವವರಿಗೆ ಯಾರ ಪರೀಕ್ಷೆಯಲ್ಲೂ ಪಾಲಿಲ್ಲ. ಶೆಡ್ಡಿನಲ್ಲಾದರೆ ಅಪಾಯಕ್ಕೆ ಹಣ ಕೊಟ್ಟವನೇ ಅದರ ಹತ್ತಿರ ಇರುತ್ತಾನೆ.

ಅಳಿಯನ ಸರದಿ ಬಂತು. ನಡೆಸುವಾತ ಗಾಡಿಯನ್ನು ಮೇಲೆ ಹತ್ತಿಸುವ ಮೊದಲು ಟಾರ್ಚು ಹಿಡಿದು ಕುಕ್ಕರುಗಾಲಲ್ಲಿ ಕೂತ. ಟೈರಿನ ಪಕ್ಕದ ಮೈಯಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿತ್ತು, 2014ರ 23ನೇ ವಾರ ಹುಟ್ಟಿದ್ದು. ಅಂಚಿನಲ್ಲಿ ಕೂದಲೆಳೆಯ ಬಿರುಕುಗಳು. ಸಾವಿರಾರು ರೂಪಾಯಿ ಸುರಿದು ಎಂಜಿನಿಗೆ ಹೊಸ ಬುದ್ಧಿ ತುಂಬಿಸಿದ ಹುಡುಗ ಕಾಲಿಗೆ ಹಳೆಯ ಚಪ್ಪಲಿಯನ್ನೇ ಬಿಟ್ಟಿದ್ದ. “ಇದನ್ನ ಹತ್ತಿಸಲ್ಲ ಸಾರ್, ಟೈರ್ ಹಾಕಿಸ್ಕೊಂಡ್ ಬನ್ನಿ” ಎಂದು ಆತ ಟಾರ್ಚು ಆರಿಸಿದ. ಬುಕಿಂಗ್ ಹಣ ಮಾತ್ರ ವಾಪಸಿಲ್ಲ ಎಂದು ಬೋರ್ಡಿನಲ್ಲೇ ಬರೆದಿತ್ತು.

ಹೊಸ ಟೈರು ಬಂದಾಗಿದೆ. ಮುಂದಿನ ತಿಂಗಳು ಮತ್ತೆ ಹೋಗುವುದಂತೆ, ಮಾವ ನೀವೂ ಬನ್ನಿ ಎಂದಿದ್ದಾನೆ. ಬರುತ್ತೇನೆ, ಆದರೆ ಪ್ಲೈವುಡ್ಡಿನ ಪಕ್ಕದಲ್ಲಿ ನಿಲ್ಲುತ್ತೇನೆ, ವೀಡಿಯೊ ನೀನೇ ಮಾಡಿಕೋ ಎಂದಿದ್ದೇನೆ.